ನೀರು ಇಳಿಯಲು ಬಿಡಿ

ಎಲ್ಲರಿಗೂ ನಮಸ್ಕಾರ.

ಜೌಗು ನೆಲಗಳನ್ನು ಉಳಿಸುವ ಬಗ್ಗೆ ಮಾತಾಡಬೇಕು ಅಂತ ಕರೆದಿದ್ದೀರಿ. ನಾನು ಒಂದು ತಕರಾರಿನಿಂದಲೇ ಶುರು ಮಾಡುತ್ತೇನೆ. ಕೆರೆಯೋ ಜೌಗೋ ಹಾಳಾಗಿದೆ, ಸರಿ ಮಾಡಬೇಕು ಅಂದಕೂಡಲೇ ಎಲ್ಲರ ಬಾಯಿಗೆ ಎರಡು ಕೆಲಸ ಬರುತ್ತವೆ. ನೀರು ತುಂಬಿಸಿ, ತುಂಬಿದ ನೀರು ಇಳಿಯದ ಹಾಗೆ ನೋಡಿಕೊಳ್ಳುವುದು ಒಂದು. ಸುತ್ತ ಬೇಲಿ ಹಾಕಿ ದನ, ಬಲೆ, ಕುಡುಗೋಲು ಯಾವುದೂ ಒಳಗೆ ಬರದ ಹಾಗೆ ಮಾಡುವುದು ಇನ್ನೊಂದು. ಎರಡೂ ಒಳ್ಳೆಯ ಮನಸ್ಸಿನಿಂದ ಆಗುವ ಕೆಲಸಗಳೇ. ಆದರೆ ಎಷ್ಟೋ ಕಡೆ ಹಕ್ಕಿ ಬರುವುದು ನಿಂತದ್ದು ಇವುಗಳಿಂದಲೇ.

ಮೊದಲು ನೀರಿನ ಮಾತು. ತುಂಬಿ ತುಳುಕುವ ಕೆರೆ ನೋಡಲು ಚೆಂದ, ಫೋಟೋಗೆ ಇನ್ನೂ ಚೆಂದ. ಹಕ್ಕಿಯ ಕಡೆಯಿಂದ ನೋಡಿ. ಸಣ್ಣ ಗೊರವಗಳ ಕಾಲು ಎಷ್ಟುದ್ದ ಇರಬಹುದು? ಅವಕ್ಕೆ ಬೇಕಿರುವುದು ಒದ್ದೆ ಕೆಸರು, ಜಾಸ್ತಿ ಅಂದರೆ ಬೆರಳು ಮುಳುಗುವಷ್ಟು ನೀರು. ಮೆಟ್ಟುಗಾಲು ಹಕ್ಕಿಗೆ ಅದಕ್ಕಿಂತ ಸ್ವಲ್ಪ ಆಳ ಇದ್ದರೂ ನಡೆಯುತ್ತದೆ. ಸೂಜಿಬಾಲದ ಬಾತು ಬಾಲ ಮೇಲೆತ್ತಿ, ತಲೆ ಕೆಳಗೆ ಹಾಕಿ ತಳ ಕೆದಕುತ್ತದೆ. ಅದರ ಕತ್ತು ಎಲ್ಲಿಯವರೆಗೆ ಮುಟ್ಟುತ್ತದೋ ಅಲ್ಲಿಯವರೆಗೆ ಮಾತ್ರ ಅದಕ್ಕೆ ಊಟ. ನೀರು ಎರಡಡಿ ದಾಟಿತೋ, ಕಣ್ಣೆದುರು ಕೆರೆ ಇದ್ದೂ ಅದು ಉಪವಾಸ. ಇಡೀ ವರ್ಷ ಆಳುದ್ದ ನೀರು ನಿಂತರೆ ನೀರುಕಾಗೆ ಇರುತ್ತದೆ, ಹೆಜ್ಜಾರ್ಲೆ ಬರಬಹುದು, ನಾಮದ ಕೋಳಿ ತೇಲುತ್ತಿರುತ್ತದೆ. ಉಳಿದವು ಮೇಲಿಂದಲೇ ನೋಡಿ ಮುಂದೆ ಹೋಗುತ್ತವೆ.

ಇಲ್ಲೊಂದು ಲೆಕ್ಕ ಹಾಕೋಣ. ಒಂದು ಕೆರೆಯ ಅಂಚು ತುಂಬಾ ನಿಧಾನವಾಗಿ ಇಳಿಜಾರಾಗಿದೆ, ಐವತ್ತು ಮೀಟರ್ ನಡೆದರೆ ಒಂದು ಮೀಟರ್ ಆಳ ಅಂತಿಟ್ಟುಕೊಳ್ಳಿ. ಬಿಸಿಲಿಗೆ ನೀರು ಹತ್ತು ಸೆಂಟಿಮೀಟರ್ ಇಳಿಯಿತು. ಅಂಚಿನಲ್ಲಿ ಐದು ಮೀಟರ್ ಅಗಲದ ಹೊಸ ಕೆಸರು ಪಟ್ಟಿ ತೆರೆಯಿತು. ಅಂಥ ದಂಡೆ ಒಂದು ಕಿಲೋಮೀಟರ್ ಇದ್ದರೆ ಅರ್ಧ ಹೆಕ್ಟೇರ್, ಒಂದು ಎಕರೆಗೂ ಜಾಸ್ತಿ. ಇನ್ನೊಂದು ಹತ್ತು ಸೆಂಟಿಮೀಟರ್ ಇಳಿದರೆ ಮತ್ತೊಂದು ಎಕರೆ. ಹೀಗೆ ವಾರ ವಾರಕ್ಕೂ ಹೊಸ ಕೆಸರು, ಅದರ ತುಂಬ ಹುಳ, ಬಸವನಹುಳು, ಬೀಜ. ಈಗ ಅದೇ ಕೆರೆಯನ್ನು ಅಭಿವೃದ್ಧಿ ಮಾಡಿದ್ದೇವೆ ಅಂದುಕೊಳ್ಳಿ. ಹೂಳೆತ್ತುವ ಹೆಸರಲ್ಲಿ ಜೆಸಿಬಿ ತಂದು ಅಂಚಿನವರೆಗೂ ಒಂದೇ ಸಮ ತೋಡಿ, ದಂಡೆಗೆ ನೆಟ್ಟಗೆ ಕಲ್ಲು ಕಟ್ಟಿ, ಮೇಲೆ ವಾಕಿಂಗ್ ಟ್ರ್ಯಾಕ್ ಹಾಕಿದ್ದೇವೆ. ನೀರು ಅದೇ ಹತ್ತು ಸೆಂಟಿಮೀಟರ್ ಇಳಿದರೆ ಏನು ತೆರೆಯುತ್ತದೆ? ಹತ್ತು ಸೆಂಟಿಮೀಟರ್ ಕಲ್ಲು. ಅಷ್ಟೇ.

ಹೂಳೆತ್ತಲೇಬಾರದು ಅಂತ ನಾನು ಹೇಳುತ್ತಿಲ್ಲ. ಎಲ್ಲಿ ತೋಡಬೇಕು, ಎಲ್ಲಿ ಬಿಡಬೇಕು ಅನ್ನುವುದು ಕೆಲಸ ಶುರುವಾಗುವ ಮುಂಚೆ ನಕ್ಷೆಯಲ್ಲಿ ಇರಬೇಕು. ನಡುವೆ ಒಂದಷ್ಟು ಆಳ ಇರಲಿ, ಬೇಸಿಗೆಯಲ್ಲಿ ಮೀನು ಬದುಕಲು ಅದು ಬೇಕು. ಅಂಚನ್ನು ಮುಟ್ಟಬೇಡಿ.

ಇನ್ನು ಒಣಗುವ ವಿಷಯ. ಜೌಗು ಒಣಗಿತು ಅಂದರೆ ಸತ್ತಿತು ಅಂತಲೇ ಪತ್ರಿಕೆಗಳು ಬರೆಯುತ್ತವೆ. ಕೆಲವೊಮ್ಮೆ ಅದು ನಿಜ. ಆದರೆ ಕಾಲಕ್ಕೆ ಸರಿಯಾಗಿ ಇಳಿದು, ತಳ ಬಿರುಕು ಬಿಟ್ಟು, ಮತ್ತೆ ತುಂಬುವ ಜೌಗು ಸತ್ತಿಲ್ಲ. ತಳಕ್ಕೆ ಗಾಳಿ ತಾಗಿದಾಗ ಅಲ್ಲಿ ಕೊಳೆಯದೆ ಕೂತಿದ್ದ ಎಲೆ, ಬೇರು, ಕಸ ಬೇಗ ಕರಗುತ್ತದೆ. ಜೊಂಡು, ಜೇಕಿನಂಥ ಎಷ್ಟೋ ಗಿಡಗಳ ಬೀಜ ನೀರಿನಡಿ ಮೊಳೆಯುವುದಿಲ್ಲ. ಅವಕ್ಕೆ ಬಿಸಿಲು ತಾಗಿದ ಹಸಿ ಕೆಸರೇ ಬೇಕು. ಅಲ್ಲಿಯವರೆಗೆ ಮಣ್ಣಲ್ಲಿ ವರ್ಷಗಟ್ಟಲೆ ಸುಮ್ನೆ ಕಾಯುತ್ತವೆ. ಮತ್ತೆ ನೀರು ಬಂದಾಗ ಮಣ್ಣಿನ ಸತ್ವ ನೀರಿಗೆ ಬಿಟ್ಟುಕೊಂಡು, ಸಣ್ಣ ಸಣ್ಣ ಜೀವಿಗಳು ಒಮ್ಮೆಲೇ ಹೆಚ್ಚುತ್ತವೆ. ಮರಿ ಮಾಡುವ ಬಾತುಗಳಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಾಗಾಗಿ ಜೌಗಿಗೆ ತೂಬು ಇದೆಯಾ, ಅದು ಕೆಲಸ ಮಾಡುತ್ತಾ, ಅದನ್ನು ಯಾವಾಗ ತೆಗೆಯಬೇಕು ಅಂತ ಯಾರು ಹೇಳುತ್ತಾರೆ, ನಾನು ಮೊದಲು ಕೇಳುವುದು ಇದನ್ನೇ.

ಯಾರು ಹೇಳುತ್ತಾರೆ ಅಂದೆ ಅಲ್ವಾ? ಜನರ ಕಥೆ ಅಲ್ಲಿಂದ ಶುರು. ನೀರು ಇಳಿಯುವಾಗ ತೆರೆಯುವ ಆ ಅಂಚು ಹಕ್ಕಿಯದು ಮಾತ್ರ ಅಲ್ಲ. ದನ ಮೇಯಿಸುವವರು ಆ ಹುಲ್ಲನ್ನೇ ನಂಬಿರುತ್ತಾರೆ. ಮೀನು ಹಿಡಿಯುವವರು ನೀರು ಹಿಂದೆ ಸರಿಯುವ ದಿನಗಳಿಗೇ ಬಲೆ ಹೊಂದಿಸಿಟ್ಟಿರುತ್ತಾರೆ. ನೆರೆ ಇಳಿದ ನೆಲದಲ್ಲಿ ಬಿತ್ತುವವರೂ ಇದ್ದಾರೆ. ಹಕ್ಕಿ ಮತ್ತು ಜನ, ಇಬ್ಬರ ಪಾಲೂ ಇರುವುದು ನೀರಿನ ಏರಿಳಿತದಲ್ಲಿ. ಅದನ್ನು ನಿಲ್ಲಿಸಿದರೆ ಇಬ್ಬರಿಗೂ ಏಟು.

ಕ್ಯಾಮರೂನ್ ದೇಶದ ಉತ್ತರದಲ್ಲಿ ಲೋಗೋನ್ ನದಿಯ ನೆರೆ ಬಯಲು ಇದೆ. 1979ರಲ್ಲಿ ಭತ್ತದ ನೀರಾವರಿಗೆ ಅಂತ ಅಲ್ಲಿ ಮಾಗಾ ಅಣೆಕಟ್ಟು ಕಟ್ಟಿದರು, ನದಿಯ ಪಕ್ಕ ಒಡ್ಡು ಹಾಕಿದರು. ಬಯಲಿನ ದೊಡ್ಡ ಭಾಗಕ್ಕೆ ನೆರೆ ಬರುವುದು ನಿಂತಿತು. ವರ್ಷವಿಡೀ ಇರುತ್ತಿದ್ದ ಹುಲ್ಲು ಹೋಯಿತು, ಮೀನು ಕಡಿಮೆಯಾಯಿತು, ಹಕ್ಕಿಯೂ ಕಡಿಮೆಯಾಯಿತು. 1994ರಲ್ಲಿ ಮುಚ್ಚಿಹೋಗಿದ್ದ ಒಂದು ಕವಲನ್ನು ಪ್ರಯೋಗಕ್ಕೆ ಅಂತ ಮತ್ತೆ ತೆರೆದರು. ಗಿಡ ನೆಡಲಿಲ್ಲ, ಮೀನಿನ ಮರಿ ತಂದು ಬಿಡಲಿಲ್ಲ. ನೀರು ಬಂತು, ಹುಲ್ಲು ಮರಳಿತು, ಹಿಂದೆಯೇ ದನಗಾಹಿಗಳೂ ಮೀನುಗಾರರೂ ನೀರುಹಕ್ಕಿಗಳೂ ಮರಳಿದರು.

ನನಗೆ ಇದಕ್ಕಿಂತ ಇಷ್ಟವಾದದ್ದು ಪಶ್ಚಿಮ ಆಫ್ರಿಕಾದ ಮಾರಿಟೇನಿಯಾ ದೇಶದ ದಿಯಾವ್ಲಿಂಗ್ ಅನ್ನುವ ಜೌಗಿನ ಕಥೆ. ಸೆನೆಗಲ್ ನದಿ ಸಮುದ್ರ ಸೇರುವಲ್ಲಿ 1986ರಲ್ಲಿ ದಿಯಾಮಾ ಅಣೆಕಟ್ಟು ಬಂತು. ಕೆಳಗಿನ ಜೌಗಿಗೆ ಸಿಹಿನೀರು ಬರುವುದು ನಿಂತು, ನೆಲ ಉಪ್ಪಾಯಿತು. ಅಲ್ಲಿನ ಹೆಂಗಸರು ನೆಲದ ಒಂದು ಗಟ್ಟಿ ಹುಲ್ಲಿನ ಕಡ್ಡಿಗಳನ್ನು ಚರ್ಮದ ದಾರದಲ್ಲಿ ಕಟ್ಟಿ ಚಾಪೆ ಮಾಡುತ್ತಾರೆ. ಹುಲ್ಲು ಬೆಳೆಯಲು ನೆರೆ ಬೇಕು. ಚರ್ಮ ಹದ ಮಾಡಲು ಜಾಲಿ ಕಾಯಿ ಬೇಕು, ಆ ಜಾಲಿ ಮರಕ್ಕೂ ನೆರೆ ಬೇಕು. ಅಂದರೆ ಒಂದು ಚಾಪೆಯೊಳಗೆ ಎರಡು ಸಲ ನೆರೆ ಸೇರಿಕೊಂಡಿದೆ. 1991ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು, 1994ರಿಂದ ತೂಬಿನ ಮೂಲಕ ನೆರೆ ಬಿಡಲು ಶುರು ಮಾಡಿದರು. ಎಷ್ಟು ನೀರು, ಯಾವ ತಿಂಗಳು, ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಚಾಪೆ ಹೆಣೆಯುವವರು, ಮೀನು ಹಿಡಿಯುವವರು, ದನ ಮೇಯಿಸುವವರ ಜೊತೆ ಕೂತು ಚರ್ಚಿಸಿದರು. ಎಲ್ಲರಿಗೂ ಒಂದೇ ದಿನಾಂಕ ಹೊಂದುವುದಿಲ್ಲ, ಜಗಳವೂ ಇರುತ್ತದೆ. ಆದರೆ ಜಗಳ ಆಡಲು ಒಂದು ಮೇಜು ಇದೆ. ಹುಲ್ಲು, ಮೀನು ಎರಡೂ ಸುಧಾರಿಸಿದವು. ಜೊತೆಗೆ ಹೆಜ್ಜಾರ್ಲೆ, ರಾಜಹಂಸಗಳೂ ಬಂದವು.

ಬೇಲಿಯ ಕಥೆಗೆ ರಾಜಸ್ಥಾನದ ಭರತಪುರವೇ ಸಾಕು. ಅಲ್ಲಿನ ಕೇವಲಾದೇವ್ 29 ಚದರ ಕಿಲೋಮೀಟರ್‌ನ ಉದ್ಯಾನ. ಅದು ತಾನಾಗಿ ಆದ ಜೌಗಲ್ಲ, ರಾಜರ ಬೇಟೆಗೆ ಅಂತ ಒಡ್ಡು ಕಟ್ಟಿ, ತೂಬು ಇಟ್ಟು ಮಾಡಿದ್ದು. ಸುತ್ತಲ ಹಳ್ಳಿಗಳ ಎಮ್ಮೆಗಳು ಅಲ್ಲೇ ಮೇಯುತ್ತಿದ್ದವು. 1982ರಲ್ಲಿ ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರು. ಜನ ಪ್ರತಿಭಟಿಸಿದರು, ಗೋಲಿಬಾರ್ ಆಯಿತು, ಕೆಲವರು ಜೀವ ಕಳೆದುಕೊಂಡರು. ಮುಂದೇನಾಯಿತು? ಎಮ್ಮೆ ತಿನ್ನುತ್ತಿದ್ದ ಒಂದು ಜಾತಿಯ ಹುಲ್ಲು ತಡೆಯಿಲ್ಲದೆ ಬೆಳೆದು, ತೆರೆದ ನೀರನ್ನು ಮುಚ್ಚಿತು. ಬಾತುಗಳಿಗೆ ಇಳಿಯಲು ಜಾಗ ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹತ್ತು ವರ್ಷ ಅಲ್ಲಿ ಅಧ್ಯಯನ ಮಾಡಿತು. ಎಮ್ಮೆ ಮೇಯುವುದರಿಂದ ಜೌಗಿಗೆ ಒಳ್ಳೆಯದೇ ಆಗುತ್ತಿತ್ತು ಅನ್ನುವ ತೀರ್ಮಾನಕ್ಕೆ ಬಂತು. ಬೇಲಿ ಹಾಕಿ ಅಂತ ಮೊದಲು ಒತ್ತಾಯಿಸಿದವರಲ್ಲಿ ವಿಜ್ಞಾನಿಗಳೂ ಇದ್ದರು, ಹೇಳಿಬಿಡುವುದು ಒಳ್ಳೆಯದು.

ಎಷ್ಟು ದನ ಬೇಕಾದರೂ ಬಿಡಿ ಅಂತ ಇದರ ಅರ್ಥ ಅಲ್ಲ. ಮಂದೆ ಹೆಚ್ಚಾದರೆ ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗಳ ಗತಿ ಏನು? ಯಾವ ತಿಂಗಳು, ಯಾವ ಭಾಗ, ಎಷ್ಟು ತಲೆ ಅಂತ ಊರಿನವರೇ ಸೇರಿ ಮಾತಾಡಿಕೊಳ್ಳಬೇಕಾದ ವಿಷಯ ಅದು. ಜೊಂಡು ಕೊಯ್ಯುವುದಕ್ಕೂ ಇದೇ ಮಾತು. ಒಂದು ವರ್ಷ ಒಂದು ಕಡೆ ಕೊಯ್ದರೆ ತೆರೆದ ನೀರೂ ಸಿಗುತ್ತದೆ, ಗೂಡಿಗೆ ಮರೆಯೂ ಉಳಿಯುತ್ತದೆ. ಪೂರ್ತಿ ಬೋಳಿಸಿದರೂ ಕೆಟ್ಟದ್ದು, ಮುಟ್ಟದೆ ಬಿಟ್ಟರೂ ಕೆಟ್ಟದ್ದು.

ಭರತಪುರಕ್ಕೆ ಇನ್ನೊಂದು ಪೆಟ್ಟು ಬಿದ್ದದ್ದು ಹೊರಗಿಂದ. ಉದ್ಯಾನಕ್ಕೆ ನೀರು ತರುತ್ತಿದ್ದ ಗಂಭೀರ್ ನದಿಗೆ ಮೇಲ್ಗಡೆ ಪಾಂಚನಾ ಅಣೆಕಟ್ಟು ಬಂದ ಮೇಲೆ, ಬರದ ವರ್ಷಗಳಲ್ಲಿ ನೀರು ರೈತರಿಗೋ ಹಕ್ಕಿಗೋ ಅನ್ನುವ ಜಗಳ ಎದ್ದಿತು. ಮೇಲಿನ ರೈತರನ್ನು ಖಳನಾಯಕರ ಹಾಗೆ ತೋರಿಸುವವರಿದ್ದಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಹೊಲ ಒಣಗುತ್ತಿರುವವನ ಮುಂದೆ ಹೋಗಿ, ಕೆಳಗೆ ಹಕ್ಕಿಗಳಿವೆ ನೀರು ಬಿಡಿ ಅಂದರೆ ಯಾರು ಕೇಳುತ್ತಾರೆ? ಅಣೆಕಟ್ಟಿನ ಲೆಕ್ಕ ಬರೆಯುವ ದಿನವೇ ಜೌಗಿನ ಪಾಲನ್ನು ಬರೆದಿಡಬೇಕು. ಬರ ಬಂದ ಮೇಲೆ ಬರೆಯಲು ಹೋದರೆ ತಡವಾಯಿತು.

ಸರಿಯಾಗಿ ಆದದ್ದೂ ಇದೆ. ಒಡಿಶಾದ ಚಿಲಿಕಾ ಸರೋವರ ಸಮುದ್ರಕ್ಕೆ ಸೇರುವ ಬಾಯಿ ಹೂಳಿನಿಂದ ಕಟ್ಟಿಕೊಳ್ಳುತ್ತಾ ಬಂದು, ಉಪ್ಪು ಕಡಿಮೆಯಾಗಿ, ಜಲಕಳೆ ಹಬ್ಬಿತ್ತು. 1993ರಲ್ಲಿ ಅದು ಅಪಾಯದಲ್ಲಿರುವ ಜೌಗುಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. 2000ದ ಸೆಪ್ಟೆಂಬರಿನಲ್ಲಿ ಹೊಸ ಬಾಯಿ ತೆರೆದರು. ಉಬ್ಬರದ ನೀರು ಒಳಗೆ ಬಂತು, ಕಳೆ ಕುಗ್ಗಿತು, ಒಂದೆರಡು ವರ್ಷದಲ್ಲೇ ಮೀನಿನ ಇಳುವರಿ ಹಲವು ಪಟ್ಟು ಏರಿತು. 2002ರಲ್ಲಿ ಆ ಪಟ್ಟಿಯಿಂದ ಹೊರಬಂತು. ಮೀನು ಹೆಚ್ಚಾದದ್ದು ನಿಜ. ಆದರೆ ಆ ಮೀನು ಯಾರಿಗೆ ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಸೀಗಡಿ ಸಾಕಲು ನೀರಲ್ಲೇ ಬಲೆಯ ಬೇಲಿ ಹಾಕಿಕೊಂಡ ದುಡ್ಡಿನವರಿಗೂ ಸಾಂಪ್ರದಾಯಿಕ ಮೀನುಗಾರರಿಗೂ ಅಲ್ಲಿ ಹಳೆಯ ಜಗಳ ಇದೆ. ಪಾಲು ಹಂಚಿಕೆ ಕೂಡ ಜೌಗು ರಿಪೇರಿಯ ಭಾಗವೇ.

ಅದೇ ಚಿಲಿಕಾದ ದಡದಲ್ಲಿ ಮಂಗಲಾಜೋಡಿ ಅನ್ನುವ ಹಳ್ಳಿ ಇದೆ. ಹಕ್ಕಿ ಬೇಟೆಗೆ ಹೆಸರಾಗಿದ್ದ ಊರು. ಈಗ ಹಿಂದಿನ ಬೇಟೆಗಾರರೇ ದೋಣಿ ನಡೆಸಿ ಪ್ರವಾಸಿಗರಿಗೆ ಹಕ್ಕಿ ತೋರಿಸುತ್ತಾರೆ. ಯಾವ ಜೊಂಡಿನ ಹಿಂದೆ ಯಾವ ಬಾತು ಕೂತಿರುತ್ತದೆ ಅನ್ನುವುದು ಬೇಟೆಯಾಡಿದವನಿಗೆ ಗೊತ್ತಿರುವಷ್ಟು ಇನ್ಯಾರಿಗೆ ಗೊತ್ತಿರಲು ಸಾಧ್ಯ! ಆದರೆ ಎಲ್ಲಾ ಊರಿಗೂ ಪ್ರವಾಸೋದ್ಯಮವೇ ಮದ್ದು ಅಂತ ನಾನು ಹೇಳಲಾರೆ. ಪ್ರವಾಸಿಗರು ಬರುವುದು ವರ್ಷಕ್ಕೆ ಕೆಲವೇ ತಿಂಗಳು. ಹುಲ್ಲು, ಮೀನು, ನೀರು ಇಡೀ ಊರಿಗೆ ಬೇಕಾದದ್ದು.

ಕೊನೆಯದಾಗಿ ದೂರದ ಮಾತು. ಒಂದು ಜೌಗನ್ನು ನೀವು ಎಷ್ಟೇ ಚೆನ್ನಾಗಿ ನೋಡಿಕೊಂಡರೂ, ವಲಸೆ ಹಕ್ಕಿಯ ಬದುಕು ಅದೊಂದರಲ್ಲೇ ಇಲ್ಲ. 2022ರಲ್ಲಿ ಗಾಡ್ವಿಟ್ ಜಾತಿಯ ಒಂದು ಎಳೆಯ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾದವರೆಗೆ ಸುಮಾರು 13,500 ಕಿಲೋಮೀಟರ್ ಎಲ್ಲೂ ಇಳಿಯದೆ ಹಾರಿತು, ಹನ್ನೊಂದು ದಿನ. ಆದರೆ ಉತ್ತರಕ್ಕೆ ವಾಪಸ್ಸು ಹೋಗುವಾಗ ಅದರ ಬಳಗ ಚೀನಾ ಮತ್ತು ಕೊರಿಯಾ ನಡುವಿನ ಹಳದಿ ಸಮುದ್ರದ ಕೆಸರು ತೀರದಲ್ಲಿ ಇಳಿದು ಮೈ ತುಂಬಿಕೊಳ್ಳಲೇಬೇಕು. ಅದೇ ತೀರದಲ್ಲಿ, ದಕ್ಷಿಣ ಕೊರಿಯಾದ ಸೇಮಾಂಗುಮ್‌ನಲ್ಲಿ 33 ಕಿಲೋಮೀಟರ್ ಉದ್ದದ ಗೋಡೆ ಕಟ್ಟಿ 2006ರಲ್ಲಿ ಉಬ್ಬರವಿಳಿತವನ್ನೇ ತಡೆದರು. ಅಲ್ಲಿ ಇಳಿಯುತ್ತಿದ್ದ ಗ್ರೇಟ್ ನಾಟ್ ಅನ್ನುವ ಗೊರವದ ಬಂಧು ಸಾವಿರಾರು ಸಂಖ್ಯೆಯಲ್ಲಿ ಕಾಣೆಯಾಯಿತು. ಪಕ್ಕದ ತೀರಕ್ಕೆ ಹೋಗಿರಬಹುದು ಅಂತ ಕೆಲವರು ಅಂದರು. ಅದು ಚಳಿಗಾಲ ಕಳೆಯುವ ಆಸ್ಟ್ರೇಲಿಯಾದಲ್ಲಿ ಎಣಿಸಿದರೆ ಅಲ್ಲೂ ಅದರ ಸಂಖ್ಯೆ ಕಡಿಮೆಯಾಗಿತ್ತು. ಸೇಮಾಂಗುಮ್‌ನಲ್ಲಿ ಕಪ್ಪೆಚಿಪ್ಪು ಆರಿಸಿ ಬದುಕುತ್ತಿದ್ದವರ ಕೆಲಸವೂ ಗೋಡೆಯ ಜೊತೆಗೇ ಹೋಯಿತು. 2018ರಲ್ಲಿ ಚೀನಾ ತೀರ ತುಂಬುವ ವ್ಯಾಪಾರಿ ಯೋಜನೆಗಳಿಗೆ ತಡೆ ಹಾಕಿತು. 2019ರಲ್ಲಿ ಆ ಕರಾವಳಿಯ ಒಂದು ಭಾಗ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ತಡವಾಯಿತು, ಆದರೂ ಉಳಿದ ಕೆಸರಾದರೂ ಹಕ್ಕಿಗೆ ಸಿಕ್ಕಿತು.

ನಿಮ್ಮಲ್ಲಿ ಯಾರಾದರೂ ನಾಳೆ ಒಂದು ಜೌಗಿನ ಯೋಜನೆಯ ಸಭೆಗೆ ಹೋದರೆ, ನಕ್ಷೆ ತರಿಸಿಕೊಂಡು ಮೂರು ಕಡೆ ಬೆರಳಿಡಿ. ಬೇಸಿಗೆಯಲ್ಲಿ ನೀರು ಎಲ್ಲಿಯವರೆಗೆ ಇಳಿಯುತ್ತದೆ ಅಂತ ಗೆರೆ ಎಳೆದಿದ್ದಾರಾ? ದನ, ದೋಣಿ ಇಳಿಯುವ ದಾರಿ ಎಲ್ಲಿ ಬಿಟ್ಟಿದ್ದಾರೆ? ತೂಬಿನ ಕೀಲಿ ಯಾರ ಹತ್ತಿರ ಇರುತ್ತದೆ ಅಂತ ಬರೆದಿದ್ದಾರಾ? ಉತ್ತರ ಬರದಿದ್ದರೆ ಕಲ್ಲು ಕಟ್ಟುವ ಟೆಂಡರಿಗೆ ಮುಂಚೆಯೇ ತಕರಾರು ಬರೆದು ಕೊಡಿ. ಕಲ್ಲು ಬಿದ್ದ ಮೇಲೆ ಯಾರೂ ತೆಗೆಯುವುದಿಲ್ಲ.

ನನ್ನ ಮಾತು ಇಷ್ಟೇ. ಈಗ ನೀವು ಕೇಳಿ.