ಬ್ಯಾಟರಿಯೇ ಇಲ್ಲದ ಮೆಟ್ರೋ ಕಾರ್ಡ್ ಗೇಟಿನೊಂದಿಗೆ ಮಾತನಾಡುವುದು ಹೇಗೆ?

[ದೃಶ್ಯ: ಮೇಜಿನ ಮೇಲೆ ಅವಧಿ ಮುಗಿದ ಒಂದು ಮೆಟ್ರೋ ಕಾರ್ಡ್. ಪಕ್ಕದಲ್ಲಿ ಮುಚ್ಚಳವಿರುವ ಗಾಜಿನ ಬಟ್ಟಲು.]

ನಮಸ್ಕಾರ. ಹೋದ ತಿಂಗಳು ವೀಕ್ಷಕಿಯೊಬ್ಬರು ಒಂದು ಪ್ರಶ್ನೆ ಕಳುಹಿಸಿದರು. ಪ್ರಶ್ನೆ ಅವರದಲ್ಲ, ಅವರ ಎಂಟು ವರ್ಷದ ಮಗನದು. ಮೆಟ್ರೋ ನಿಲ್ದಾಣದ ಕೌಂಟರಿನ ಮುಂದೆ ನಿಂತು ಆ ಹುಡುಗ ಕೇಳಿದನಂತೆ: "ಅಮ್ಮಾ, ಈ ಕಾರ್ಡಿಗೆ ದುಡ್ಡು ಮಾತ್ರ ಹಾಕಿಸುತ್ತೀಯಲ್ಲ, ಚಾರ್ಜ್ ಮಾಡುವುದು ಯಾವಾಗ?"

ಎಷ್ಟು ಒಳ್ಳೆಯ ಪ್ರಶ್ನೆ ನೋಡಿ. ಬೆಂಗಳೂರಿನಲ್ಲಿ ಮೆಟ್ರೋ ಓಡಲು ಶುರುವಾದದ್ದು 2011ರ ಅಕ್ಟೋಬರ್ 20ರಂದು. ಅಂದಿನಿಂದ ನಾವೆಲ್ಲ ಈ ಕಾರ್ಡನ್ನು ಗೇಟಿಗೆ ತಾಗಿಸುತ್ತಲೇ ಇದ್ದೇವೆ. ಮೊಬೈಲ್ ದಿನಕ್ಕೊಮ್ಮೆ ಚಾರ್ಜರ್ ಕೇಳುತ್ತದೆ, ಕಿವಿಗೆ ಹಾಕುವ ಇಯರ್‌ಫೋನ್ ಕೇಳುತ್ತದೆ, ಕೈಗಡಿಯಾರವೂ ಕೇಳುತ್ತದೆ. ಈ ಕಾರ್ಡ್ ಮಾತ್ರ ವರ್ಷಗಟ್ಟಲೆ ಪರ್ಸಿನಲ್ಲಿ ಬಿದ್ದಿದ್ದು, ತಾಗಿಸಿದ ಕೂಡಲೇ ಕೆಲಸಕ್ಕೆ ನಿಲ್ಲುತ್ತದೆ.

[ದೃಶ್ಯ: ಕಾರ್ಡನ್ನು ಬಟ್ಟಲಿಗೆ ಇಳಿಸುವುದು.]

ಈ ಬಟ್ಟಲಿನಲ್ಲಿರುವುದು ಅಸಿಟೋನ್. ಇದು ಕಾರ್ಡಿನ ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ, ಬೇಗ ಹೊತ್ತಿಕೊಳ್ಳುವ ದ್ರವ. ಕಿಟಕಿ ತೆರೆದಿದೆ, ಹತ್ತಿರದಲ್ಲಿ ಎಲ್ಲೂ ಬೆಂಕಿಯಿಲ್ಲ. ಮಕ್ಕಳೇ, ನೀವು ಇದನ್ನು ಮಾಡಬೇಡಿ, ನೋಡಿ ಸಾಕು. ಕಾರ್ಡ್ ಇಲ್ಲಿ ನೆನೆಯುತ್ತಿರಲಿ.

ಅಷ್ಟರಲ್ಲಿ ಮೂಲ ಪಾಠವನ್ನು ಬೇಗ ಮುಗಿಸುತ್ತೇನೆ. 1831ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಒಂದು ಕಬ್ಬಿಣದ ಬಳೆಗೆ ಎರಡು ತಂತಿಗಳನ್ನು ಬೇರೆಬೇರೆಯಾಗಿ ಸುತ್ತಿದ. ಒಂದರಲ್ಲಿ ವಿದ್ಯುತ್ತು ಏರಿಳಿದಾಗ, ಅದನ್ನು ಮುಟ್ಟದೇ ಇದ್ದ ಇನ್ನೊಂದರಲ್ಲೂ ವಿದ್ಯುತ್ತು ಹುಟ್ಟಿತು. ಬದಲಾಗುವ ಕಾಂತಕ್ಷೇತ್ರ ಪಕ್ಕದ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಮೆಟ್ರೋ ಗೇಟಿನೊಳಗೆ ಒಂದು ತಂತಿಯ ಸುರುಳಿ, ಕಾರ್ಡಿನೊಳಗೆ ಇನ್ನೊಂದು. ಗೇಟು ಕೊಟ್ಟ ವಿದ್ಯುತ್ತಿನಿಂದಲೇ ಕಾರ್ಡ್ ಎಚ್ಚರಗೊಳ್ಳುತ್ತದೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಕಾಡಿದ್ದು ಇದರ ಮುಂದಿನ ಪ್ರಶ್ನೆ. ವಿದ್ಯುತ್ತು ಗೇಟಿನಿಂದ ಬಂತು, ಸರಿ. ಆದರೆ ಕಾರ್ಡ್ ಉತ್ತರ ಕೊಡುವುದು ಹೇಗೆ? ಅದರಲ್ಲಿ ರೇಡಿಯೋ ಪ್ರಸಾರ ಮಾಡುವ ಯಂತ್ರವೇ ಇಲ್ಲವಲ್ಲ?

[ದೃಶ್ಯ: ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಚಿತ್ರ.]

ಇದಕ್ಕೆ ನಾವು ನಾಗರ ಪಂಚಮಿಗೆ ಹೋಗಬೇಕು. ಗದಗ ಜಿಲ್ಲೆಯ ನಮ್ಮ ಅಜ್ಜಿಯ ಊರಿನಲ್ಲಿ ಪಂಚಮಿ ಬಂತೆಂದರೆ ಬೇವಿನ ಮರದ ಗಟ್ಟಿ ಟೊಂಗೆಗೆ ಜೋಕಾಲಿ ಬೀಳುತ್ತಿತ್ತು. ಕೈಯಲ್ಲಿ ಶೇಂಗಾ ಉಂಡಿ, ಬಾಯಲ್ಲಿ ಅಳ್ಳು. ಅಕ್ಕ ಮಣೆಯ ಮೇಲೆ ಕೂರುತ್ತಿದ್ದಳು, ನಾನು ಹಿಂದಿನಿಂದ ನೂಕುತ್ತಿದ್ದೆ. ಜೋಕಾಲಿಗೆ ತನ್ನದೇ ಒಂದು ಲಯವಿದೆ. ಆ ಲಯ ಹಿಡಿದು ನೂಕಿದರೆ ಎರಡು ಬೆರಳಿನ ಬಲಕ್ಕೂ ಅದು ಟೊಂಗೆಯ ಎತ್ತರಕ್ಕೆ ಏರುತ್ತದೆ. ಲಯ ತಪ್ಪಿದರೆ ಮೈಯ ಬಲವೆಲ್ಲ ಹಾಕಿದರೂ ಏರುವುದಿಲ್ಲ. ಕಾರ್ಡಿನ ಸುರುಳಿಯೂ ಒಂದು ಜೋಕಾಲಿಯೇ. ಅದರ ಲಯವನ್ನು ಗೇಟಿನ ಲಯಕ್ಕೆ ಹೊಂದಿಸಿರುತ್ತಾರೆ: ಸೆಕೆಂಡಿಗೆ 1 ಕೋಟಿ 35 ಲಕ್ಷದ 60 ಸಾವಿರ ಜೀಕು. ತಾಂತ್ರಿಕ ಭಾಷೆಯಲ್ಲಿ 13.56 ಮೆಗಾಹರ್ಟ್ಸ್.

ಈಗ ನಾನು ಕಣ್ಣು ಮುಚ್ಚಿಕೊಂಡು ನೂಕುತ್ತಿದ್ದೇನೆ ಎಂದುಕೊಳ್ಳಿ. ಅಕ್ಕ ಒಂದು ಮಾತನ್ನೂ ಆಡುತ್ತಿಲ್ಲ. ಆದರೆ ಜೋಕಾಲಿ ಕೆಳಗೆ ಬಂದಾಗ ಹಿಮ್ಮಡಿಯನ್ನು ನೆಲಕ್ಕೆ ಒಂದಿಷ್ಟು ಸವರುತ್ತಾಳೆ. ಮಣೆ ಮರಳಿ ನನ್ನ ಅಂಗೈಗೆ ಬರುವಾಗ ಭಾರ ಬೇರೆಯಾಗಿರುತ್ತದೆ. ಅವಳು ಕಾಲು ಸವರಿದಳು ಎಂದು ನನ್ನ ಕೈಗೆ ಗೊತ್ತಾಗುತ್ತದೆ. ಕಾಲು ಎತ್ತಿದಳೋ, ಜೋಕಾಲಿ ಮತ್ತೆ ಹಗುರ. ಸವರಿದರೆ ಒಂದು, ಎತ್ತಿದರೆ ಸೊನ್ನೆ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆ? ಅಕ್ಕ ತುಟಿ ಬಿಚ್ಚದೆ ಇಡೀ ಪತ್ರವನ್ನೇ ನನಗೆ ಓದಿ ಹೇಳಬಹುದು. ಬಲ ನನ್ನದು, ಮಾತು ಅವಳದು.

ಕಾರ್ಡ್ ಮಾಡುವುದು ಇದನ್ನೇ. ಅದರ ಚಿಪ್ ತನ್ನ ಸುರುಳಿಗೆ ಒಂದು ಚಿಕ್ಕ ಹೊರೆಯನ್ನು ಸೇರಿಸುತ್ತದೆ, ಬಿಡಿಸುತ್ತದೆ, ಸೇರಿಸುತ್ತದೆ, ಬಿಡಿಸುತ್ತದೆ. ಗೇಟಿನ ಸುರುಳಿಗೆ ಆ ಎಳೆತ ತಿಳಿಯುತ್ತದೆ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಚಿಪ್ಪಿನೊಳಗೆ ಗಡಿಯಾರವೂ ಇಲ್ಲ. ಗೇಟಿನ ಜೀಕುಗಳನ್ನೇ ಎಣಿಸಿ ಅದು ಕಾಲ ಅಳೆಯುತ್ತದೆ: 128 ಜೀಕಿಗೆ ಒಂದು ಬಿಟ್, ಅಂದರೆ ಒಂದು ಸಲದ 'ಒಂದು' ಅಥವಾ 'ಸೊನ್ನೆ'. ಹೀಗೆ ಸೆಕೆಂಡಿಗೆ ಸುಮಾರು 1 ಲಕ್ಷದ 6 ಸಾವಿರ ಬಿಟ್ ಮಾತು ನಡೆಯುತ್ತದೆ. ಶಕ್ತಿಯೂ ಎರವಲು, ಸಮಯವೂ ಎರವಲು!

ಕಾರ್ಡನ್ನು ಗೇಟಿನಿಂದ ತೆಗೆದ ಕ್ಷಣ ಚಿಪ್ ಆರಿಹೋಗುತ್ತದೆ. ಮುಂದಿನ ನಿಲ್ದಾಣದಲ್ಲಿ ಅದು ಹೊಸದಾಗಿ ಹುಟ್ಟಬೇಕು. ಆದರೂ ಹಿಂದಿನದು ನೆನಪಿರುತ್ತದೆ, ಏಕೆಂದರೆ ಅದರ ನೆನಪಿನ ಕೋಶಗಳಲ್ಲಿ ಸಿಕ್ಕಿಬಿದ್ದ ವಿದ್ಯುದಾವೇಶ ಹೊರಗಿನ ಶಕ್ತಿಯಿಲ್ಲದೆಯೂ ವರ್ಷಗಟ್ಟಲೆ ಉಳಿಯುತ್ತದೆ. ಹೀಗೆ ಹುಟ್ಟಿ, ನೆನಪು ಮಾಡಿಕೊಂಡು, ಲೆಕ್ಕ ಬರೆದು, ಆರುವ ಈ ಚಿಪ್ಪನ್ನು ನಾನು ಪೂರ್ಣ ಪ್ರಮಾಣದ ಕಂಪ್ಯೂಟರ್ ಎಂದೇ ಕರೆಯುತ್ತೇನೆ.

[ದೃಶ್ಯ: ಮರದಲ್ಲಿ ಕೆತ್ತಿದ ಹದ್ದಿನ ಲಾಂಛನದ ರೇಖಾಚಿತ್ರ.]

ಈ ಉಪಾಯದ ಹಳೆಯ ಕಥೆಯೊಂದು ಮಾಸ್ಕೋದ್ದು. 1945ರ ಆಗಸ್ಟಿನಲ್ಲಿ ಸೋವಿಯತ್ ಶಾಲಾ ಮಕ್ಕಳು ಅಮೆರಿಕದ ರಾಯಭಾರಿ ಅವೆರೆಲ್ ಹ್ಯಾರಿಮನ್ ಅವರಿಗೆ ಹದ್ದಿರುವ ಅಮೆರಿಕದ ರಾಜಲಾಂಛನದ ಮರದ ಕೆತ್ತನೆಯೊಂದನ್ನು ಕಾಣಿಕೆಯಾಗಿ ಕೊಟ್ಟರು. ಅದು ರಾಯಭಾರಿಯ ನಿವಾಸದ ಓದುವ ಕೋಣೆಯ ಗೋಡೆ ಏರಿತು. ಅದರೊಳಗೆ ಬ್ಯಾಟರಿ ಇರಲಿಲ್ಲ, ತಂತಿಯ ಸಂಪರ್ಕವಿರಲಿಲ್ಲ. ಇದ್ದದ್ದು ಒಂದು ಲೋಹದ ಪುಟ್ಟ ಡಬ್ಬಿ, ಅದರ ಬಾಯಿಗೆ ತೆಳುವಾದ ಪೊರೆ, ಒಂದು ಕಡ್ಡಿಯಂಥ ಆಂಟೆನಾ. ಹೊರಗಿನಿಂದ ಸೋವಿಯತ್ ಗೂಢಚಾರರು ರೇಡಿಯೋ ಅಲೆ ಹಾಯಿಸಿದಾಗ ಮಾತ್ರ ಅದು ಕೆಲಸ ಮಾಡುತ್ತಿತ್ತು. ಕೋಣೆಯ ಮಾತಿಗೆ ಪೊರೆ ನಡುಗುತ್ತಿತ್ತು, ಪೊರೆಯ ನಡುಕ ಮರಳಿ ಹೋಗುವ ಅಲೆಯಲ್ಲಿ ಸೇರುತ್ತಿತ್ತು. ಸಿಕ್ಕಿಬಿದ್ದದ್ದು 1952ರಲ್ಲಿ. ಇದನ್ನು ರೂಪಿಸಿದವನು ಲೆವ್ ತೆರೆಮಿನ್, ಮುಟ್ಟದೆ ನುಡಿಸುವ ಸಂಗೀತ ವಾದ್ಯವನ್ನು ಕಂಡುಹಿಡಿದ ಅದೇ ವ್ಯಕ್ತಿ. ಬಂದಿಗಳಾದ ವಿಜ್ಞಾನಿಗಳನ್ನು ದುಡಿಸಿಕೊಳ್ಳುವ ಪ್ರಯೋಗಾಲಯದಲ್ಲಿ ಕುಳಿತು ಅವನು ಇದನ್ನು ಮಾಡಿದ. ಸಂಗೀತಕ್ಕೆ ಹೊಸ ದನಿ ಕೊಟ್ಟ ಕೈಯಿಂದ ಇಂಥ ಕೆಲಸ ಮಾಡಿಸಿಕೊಂಡರಲ್ಲ ಎಂದು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಟೋಲ್‌ಗೇಟಿನ ಫಾಸ್ಟ್ಯಾಗ್ ಕೂಡ ಇದೇ ಕುಲಕ್ಕೆ ಸೇರಿದ್ದು. 2021ರ ಫೆಬ್ರವರಿಯಿಂದ ಕಾರುಗಳಿಗೆಲ್ಲ ಕಡ್ಡಾಯವಾಗಿರುವ ಆ ಚೀಟಿಯಲ್ಲೂ ಬ್ಯಾಟರಿಯಿಲ್ಲ. ಮೆಟ್ರೋ ಕಾರ್ಡಿಗೆ ಕೆಲವೇ ಸೆಂಟಿಮೀಟರ್ ದೂರ, ಇದಕ್ಕೆ ಕೆಲವು ಮೀಟರ್. ಅಷ್ಟು ದೂರಕ್ಕೆ ಜೋಕಾಲಿಯ ಲೆಕ್ಕ ನಡೆಯುವುದಿಲ್ಲ, ಕನ್ನಡಿ ಬೇಕು. ಚಿಕ್ಕಂದಿನಲ್ಲಿ ಕನ್ನಡಿಯ ಚೂರು ಹಿಡಿದು ಎದುರುಮನೆಯ ಗೋಡೆಗೆ ಬಿಸಿಲು ಬಿಟ್ಟಿದ್ದೀರಲ್ಲ? ಬಿಸಿಲು ಸೂರ್ಯನದು, ಮಿಣುಕಿಸುವ ಕೈ ನಿಮ್ಮದು. ಟೋಲ್‌ಗೇಟಿನ ಆಂಟೆನಾದಿಂದ ಸುಮಾರು 866 ಮೆಗಾಹರ್ಟ್ಸ್ ಅಲೆ ಬರುತ್ತದೆ, ಫಾಸ್ಟ್ಯಾಗ್ ಅದನ್ನು ಮಿಣುಕಿಸಿ ತನ್ನ ಸಂಖ್ಯೆ ಹೇಳುತ್ತದೆ. ಹಣವಿರುವುದು ಖಾತೆಯಲ್ಲಿ, ಚೀಟಿಯಲ್ಲಲ್ಲ. ಇಂಥ ಚಿಪ್ ಎಚ್ಚರವಾಗಲು ಒಂದು ಮಿಲಿವ್ಯಾಟಿನ ನೂರನೇ ಒಂದು ಭಾಗ ಸಾಕು. ಮಲಗುವ ಕೋಣೆಯ ಅರ್ಧ ವ್ಯಾಟಿನ ಜೀರೋ ಬಲ್ಬಿಗೆ ಬೇಕಾಗುವ ಶಕ್ತಿಯಲ್ಲಿ ಇಂಥ 50 ಸಾವಿರ ಚಿಪ್ಪುಗಳನ್ನು ಎಬ್ಬಿಸಬಹುದು.

ವೈಫೈ, ಬ್ಲೂಟೂತ್‌ಗಳು ಹೀಗಲ್ಲ. ಅವು ತಮ್ಮದೇ ಅಲೆಯನ್ನು ಹೊರಡಿಸುತ್ತವೆ, ಅದಕ್ಕೇ ಅವಕ್ಕೆ ಬ್ಯಾಟರಿಯ ಹಸಿವು.

ಹಾಗಾದರೆ ನಾಳೆಯ ಕಂಪ್ಯೂಟರ್? ವಿಡಿಯೋ ಆಗಲೇ ಉದ್ದವಾಗಿದೆ, ಮೂರು ಮಾತುಗಳನ್ನು ಒಟ್ಟಿಗೇ ಹೇಳಿಬಿಡುತ್ತೇನೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2013ರಲ್ಲಿ, ಗಾಳಿಯಲ್ಲಿ ಹೇಗೂ ಇರುವ ಟಿವಿ ಪ್ರಸಾರದ ಅಲೆಗಳನ್ನೇ ಮಿಣುಕಿಸಿ ಎರಡು ಪುಟ್ಟ ಸಾಧನಗಳು ಪರಸ್ಪರ ಮಾತನಾಡುವಂತೆ ಮಾಡಿದರು. 2017ರಲ್ಲಿ ಅದೇ ವಿಶ್ವವಿದ್ಯಾಲಯದಲ್ಲಿ ಬ್ಯಾಟರಿಯಿಲ್ಲದ ಫೋನಿನ ಮಾದರಿಯೊಂದು ತಯಾರಾಯಿತು. ಅದರಲ್ಲಿ ಕರೆ ಮಾಡಿ ಮಾತನಾಡಿದರು. ಅದು ಬಳಸಿದ್ದು ಸುಮಾರು 3.5 ಮೈಕ್ರೋವ್ಯಾಟ್, ಅಂದರೆ ಒಂದು ವ್ಯಾಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಮೂರೂವರೆ ಪಾಲು. ಮಾತಿನ ನಡುಕವನ್ನು ನೇರವಾಗಿ ಮರಳುವ ಅಲೆಗೆ ಸೇರಿಸುವ ಆ ಫೋನಿನ ಬಗೆ ಮಾಸ್ಕೋದ ಹದ್ದಿನ ಬಗೆಯೇ! ಗೂಢಚಾರರ ಉಪಾಯ ಜನರ ಕೈಗೆ ಬರುತ್ತಿರುವುದು ನನಗೆ ತುಂಬ ಸಂತೋಷದ ಸಂಗತಿ. ಇನ್ನು ಕೆಲವರು ಶಕ್ತಿ ನಡುವೆಯೇ ನಿಂತುಹೋದರೂ ಲೆಕ್ಕ ಮರೆಯದೆ, ಮರಳಿ ಬಂದಾಗ ಅಲ್ಲಿಂದಲೇ ಮುಂದುವರಿಯುವ ಕಂಪ್ಯೂಟರುಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ನನ್ನ ಆಸೆಯೆಲ್ಲ ಇವುಗಳ ಮೇಲೇ. ಸೇತುವೆಯ ಕಾಂಕ್ರೀಟಿನೊಳಗೆ, ಹೊಲದ ಮಣ್ಣಿನೊಳಗೆ, ಬ್ಯಾಟರಿ ಬದಲಿಸಲು ಯಾರೂ ಹೋಗಲಾಗದ ಕಡೆ ಇರಬೇಕಾದವು ಇವು.

ಒಂದು ಎಚ್ಚರಿಕೆಯನ್ನು ಮಾತ್ರ ಬಿಡಲಾರೆ. ಜೋಕಾಲಿಯನ್ನು ಯಾರು ನೂಕಿದರೂ ಅದು ಜೀಕುತ್ತದೆ. ಬ್ಯಾಟರಿಯಿಲ್ಲದ ಸಾಧನಕ್ಕೆ ಆರಿಸುವ ಗುಂಡಿಯೂ ಇರುವುದಿಲ್ಲ. ಯಾರಿಗೆ ಉತ್ತರಿಸಬೇಕು, ಯಾರಿಗೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ಚಿಪ್ಪಿಗೆ ಕಲಿಸಿಯೇ ಹೊರಗೆ ಬಿಡಬೇಕು. ಅದನ್ನು ಕಾನೂನು ಕೇಳಬೇಕು, ನಾವೂ ಕೇಳಬೇಕು.

[ದೃಶ್ಯ: ಕೈಗವಸು ತೊಟ್ಟು ಇಕ್ಕಳದಿಂದ ಕಾರ್ಡನ್ನು ಎತ್ತುವುದು.]

ಒಂದು ಗಂಟೆ ಕಳೆದಿದೆ, ಕಾರ್ಡ್ ನೆನೆದ ಹಪ್ಪಳದಂತಾಗಿದೆ. ಪದರ ಬಿಡಿಸುತ್ತೇನೆ. ಅಗೋ, ಅಂಚಿನ ಗುಂಟ ಕೂದಲೆಳೆಯ ತಾಮ್ರದ ತಂತಿ. ಎಣಿಸೋಣ: ಒಂದು, ಎರಡು, ಮೂರು, ನಾಲ್ಕು ಸುತ್ತು. ಎರಡೂ ತುದಿಗಳು ಬಂದು ಸೇರುವಲ್ಲಿ ಆ ಕಪ್ಪು ಚುಕ್ಕೆ ಇದೆಯಲ್ಲ, ಅಕ್ಕಿಯ ನುಚ್ಚಿನಷ್ಟು, ಅದೇ ಚಿಪ್. ಒಣಗಲು ಸ್ವಲ್ಪ ಹೊತ್ತು ಬಿಟ್ಟು, ಕಾರ್ಡ್ ಓದಬಲ್ಲ ಈ ಮೊಬೈಲನ್ನು ಹತ್ತಿರ ತರುತ್ತೇನೆ.

[ಶಬ್ದ: ಮೊಬೈಲ್ ಒಮ್ಮೆ ಕಂಪಿಸುತ್ತದೆ. ಪರದೆಯ ಮೇಲೆ ಕಾರ್ಡಿನ ಗುರುತಿನ ಸಂಖ್ಯೆ.]

ಉತ್ತರ ಕೊಟ್ಟಿತು! ಮೈಮೇಲಿನ ಪ್ಲಾಸ್ಟಿಕ್ ಇಲ್ಲ, ನಾಲ್ಕು ಸುತ್ತು ತಂತಿ, ಒಂದು ನುಚ್ಚು. ಪುಟ್ಟಾ, ನಿನ್ನ ಅಮ್ಮ ಈ ಕಾರ್ಡನ್ನು ಚಾರ್ಜ್ ಮಾಡುವುದು ಗೇಟಿಗೆ ತಾಗಿಸುವ ಆ ಅರೆಕ್ಷಣದಲ್ಲಿ. ಮುಂದಿನ ಸಲ ಮೆಟ್ರೋಗೆ ಹೋದಾಗ ಕಾರ್ಡನ್ನು ನಿನ್ನ ಕೈಗೆ ಕೊಡಲು ಹೇಳು, ಜೋಕಾಲಿಯನ್ನು ನೀನೇ ಗೇಟಿನ ಹತ್ತಿರ ಒಯ್ಯಿ.