ಹೆಸರು ಹಿಡಿದು ಹೇಳುವ ಮಾತು

(ವಿರಾಜಪೇಟೆಯಲ್ಲಿ ನೀಡಿದ ಉಪನ್ಯಾಸ)

ಪೂಜ್ಯ ಗುರುಗಳೇ, ಸಿಸ್ಟರ್‌ಗಳೇ, ಅಣ್ಣಂದಿರೇ, ಅಕ್ಕಂದಿರೇ, ನಮ್ಮ ಜೊತೆ ಬಂದು ಕೂತಿರುವ ಬೇರೆ ಧರ್ಮದ ಗೆಳೆಯರೇ,

ದೇಶದಲ್ಲೋ ಹೊರಗೋ ಏನಾದರೂ ದೊಡ್ಡದು ನಡೆದಾಗ ಒಬ್ಬ ಬಿಷಪ್ ಬಾಯಿ ಬಿಟ್ಟರೆ ಎರಡು ಥರದ ಪ್ರಶ್ನೆ ಏಳುತ್ತದೆ. 'ಚರ್ಚಿನವರಿಗೆ ರಾಜಕೀಯ ಯಾಕೆ?' ಅನ್ನುವುದು ಒಂದು. 'ಇಷ್ಟು ದಿನ ಎಲ್ಲಿದ್ದರು?' ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಜಾಸ್ತಿ ಹೊತ್ತು ಬೇಡ. ಕೊಡಗಿನವರಿಗೆ ಲೋಕದ ಸುದ್ದಿ ಯಾವತ್ತೂ ದೂರದ ಸುದ್ದಿ ಆಗಿರಲಿಲ್ಲ. ಬ್ರೆಜಿಲ್‌ನ ಕಾಫಿ ತೋಟಗಳಲ್ಲಿ ಫ್ರಾಸ್ಟ್ ಬಿದ್ದರೆ ಇಲ್ಲಿ ಕಾಫಿ ಚೀಲದ ರೇಟು ಬದಲಾಗುತ್ತದೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾ ಯುದ್ಧದ ಕೈದಿಗಳ ವಿಚಾರ ನೋಡಿಕೊಳ್ಳಲು ಹೋದರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿರುವಾಗಲೇ ತೀರಿಕೊಂಡರು. ಇಂಥ ಊರಿನಲ್ಲಿ ತೋಟದವರು ಲೋಕದ ಬಗ್ಗೆ ಮಾತಾಡಬಹುದು, ಮಿಲಿಟರಿಯವರು ಮಾತಾಡಬಹುದು, ಬಿಷಪ್ ಮಾತ್ರ ಸುಮ್ನಿರಬೇಕು ಅಂದರೆ ನಾನು ಒಪ್ಪುವುದಿಲ್ಲ.

ನನ್ನನ್ನು ಕಾಡುವುದು ಎರಡನೆಯ ಪ್ರಶ್ನೆ. ಮಾತಾಡಿದರೆ ಸಾಕಾ? ಹೇಗೆ ಮಾತಾಡಿದರು, ಯಾರಿಗಾಗಿ ಮಾತಾಡಿದರು ಅನ್ನುವುದನ್ನೂ ನೋಡಬೇಕು ಅಲ್ವಾ?

1942ರ ಕ್ರಿಸ್ಮಸ್‌ಗೆ ಪೋಪ್ ಹನ್ನೆರಡನೇ ಪಯಸ್ ರೇಡಿಯೋದಲ್ಲಿ ಮಾತಾಡಿದರು. ಯಾವ ತಪ್ಪೂ ಮಾಡದ ಲಕ್ಷಾಂತರ ಜನ ಬರೀ ತಮ್ಮ ದೇಶ, ಜನಾಂಗದ ಕಾರಣಕ್ಕೆ ಸಾವಿನ ದಾರಿ ಹಿಡಿದಿದ್ದಾರೆ ಅಂದರು. ಯೆಹೂದ್ಯರು ಅಂತ ಹೆಸರು ಹೇಳಲಿಲ್ಲ. ನಾಜಿಗಳು ಅಂತಲೂ ಹೆಸರು ಹೇಳಲಿಲ್ಲ. ಇನ್ನಷ್ಟು ಜನರ ಜೀವಕ್ಕೆ ಅಪಾಯವಾಗಬಾರದು ಅಂತ ಹಾಗೆ ಮಾಡಿದರು ಎಂದು ಅವರ ಪರ ಇರುವವರು ಹೇಳುತ್ತಾರೆ. ಆ ವಾದ ಇಂದಿಗೂ ಮುಗಿದಿಲ್ಲ. ಆದರೆ ಹೆಸರು ಬಿಟ್ಟ ಮಾತು ಎಂಬತ್ತು ವರ್ಷ ಆದಮೇಲೂ ಚರ್ಚನ್ನು ನೋಯಿಸುತ್ತಲೇ ಇದೆ.

ಅದಕ್ಕೂ ಒಂದು ವರ್ಷ ಮೊದಲು, 1941ರ ಆಗಸ್ಟ್ 3ರಂದು, ಜರ್ಮನಿಯ ಮ್ಯೂನ್‌ಸ್ಟರ್‌ನ ಬಿಷಪ್ ಫಾನ್ ಗಾಲೆನ್ ತಮ್ಮ ಊರಿನ ಸಂತ ಲ್ಯಾಂಬರ್ಟರ ಚರ್ಚಿನಲ್ಲಿ ಪ್ರಬೋಧನೆ ಮಾಡಿದರು. ಹತ್ತಿರದ ಆಸ್ಪತ್ರೆಯಿಂದ ಮಾನಸಿಕ ರೋಗಿಗಳನ್ನು ಕರೆದುಕೊಂಡು ಹೋಗಿ ಕೊಲ್ಲುತ್ತಿದ್ದಾರೆ ಎಂದು ಆಸ್ಪತ್ರೆಯ ಹೆಸರು ಹೇಳಿಯೇ ಮಾತಾಡಿದರು. ಕೊಲೆಗೆ ಶಿಕ್ಷೆ ಹೇಳುವ ಕಾನೂನಿನ ಕಲಂ ಓದಿದರು. ತಾವು ದೂರು ಕೊಟ್ಟಿರುವುದನ್ನೂ ಹೇಳಿದರು. ಕೆಲಸಕ್ಕೆ ಬಾರದವರನ್ನು ಕೊಲ್ಲಬಹುದು ಅಂತಾದರೆ, ನಾಳೆ ಮುದುಕರಾದ ನಮ್ಮ ಗತಿ ಏನು, ಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಬರುವ ಸೈನಿಕನ ಗತಿ ಏನು ಎಂದು ಕೇಳಿದರು. ಜನ ಆ ಮಾತನ್ನು ಟೈಪ್ ಮಾಡಿ ಕೈಯಿಂದ ಕೈಗೆ ದಾಟಿಸಿದರು. ಮೂರು ವಾರದಲ್ಲಿ ಹಿಟ್ಲರ್ ರೋಗಿಗಳನ್ನು ಕೊಲ್ಲುವ ಆ ಕಾರ್ಯಕ್ರಮವನ್ನು ಅಧಿಕೃತವಾಗಿ ನಿಲ್ಲಿಸಿದ. ಅಷ್ಟರಲ್ಲಿ 70,000ಕ್ಕೂ ಹೆಚ್ಚು ಜನ ಸತ್ತಿದ್ದರು. ಕೊಲೆಗಳು ಗುಟ್ಟಾಗಿ ಮುಂದುವರಿದವು ಕೂಡ. ಮತ್ತೆ ಇದನ್ನೂ ಹೇಳಬೇಕು. ಇದೇ ಗಾಲೆನ್ ಆ ಪ್ರಬೋಧನೆಗಳಲ್ಲಿ ಯೆಹೂದ್ಯರ ಪರವಾಗಿ ಮಾತಾಡಲಿಲ್ಲ. ಅಷ್ಟು ಗಟ್ಟಿ ದನಿ ಇದ್ದವರು ಅಲ್ಲಿ ಯಾಕೆ ನಿಂತರು ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ.

ಈಗ ಇವತ್ತು ಮುಖ್ಯವಾಗಿ ಹೇಳಬೇಕೆಂದಿರುವ ಮನುಷ್ಯನ ಬಗ್ಗೆ. ಆಸ್ಕರ್ ರೊಮೆರೊ. ಅವರ ದೇಶ ಎಲ್ ಸಾಲ್ವಡಾರ್, ನಮ್ಮ ಹಾಗೇ ಕಾಫಿ ನಾಡು. ಅಲ್ಲಿನ ಭೂಮಿ ಬಹುಪಾಲು ಕೆಲವೇ ಮನೆತನಗಳ ಕೈಯಲ್ಲಿತ್ತು. ಆ ಮನೆತನದವರಲ್ಲಿ ಬಹುತೇಕರು ನಮ್ಮ ನಿಮ್ಮ ಹಾಗೆ ಕಥೋಲಿಕರು, ಭಾನುವಾರ ಪೂಜೆಗೆ ಬರುವವರು.

ರೊಮೆರೊ ಮೊದಲು ಬಿಷಪ್ ಆಗಿದ್ದ ಸಾಂತಿಯಾಗೊ ದೆ ಮರಿಯಾ ಕಾಫಿ ಬೆಳೆಯುವ ಗುಡ್ಡಗಾಡು. ಕೊಯ್ಲಿನ ಕಾಲಕ್ಕೆ ಕೂಲಿಯವರು ದೂರದಿಂದ ಬರುತ್ತಿದ್ದರು. ರಾತ್ರಿ ಚಳಿಯಲ್ಲಿ ಊರಿನ ಬಯಲಲ್ಲೇ ಮಲಗುತ್ತಿದ್ದರು. ರೊಮೆರೊ ಚರ್ಚಿಗೆ ಸೇರಿದ ಕಟ್ಟಡಗಳನ್ನು ಅವರಿಗೆ ಮಲಗಲು ತೆರೆಸಿದರು.  ಸ್ವಭಾವದಲ್ಲಿ ಮೆತ್ತಗಿನವರು, ಪುಸ್ತಕ ಓದಿಕೊಂಡಿರುವವರು. 1977ರ ಫೆಬ್ರವರಿಯಲ್ಲಿ ಅವರು ರಾಜಧಾನಿಯ ಆರ್ಚ್‌ಬಿಷಪ್ ಆದಾಗ ತೋಟದ ದೊಡ್ಡವರಿಗೆ ಸಮಾಧಾನವೇ ಆಗಿತ್ತು. ಇವರು ತಂಟೆಗೆ ಬರುವವರಲ್ಲ ಅಂದುಕೊಂಡರು.

ಮಾರ್ಚ್ 12ಕ್ಕೆ ಅವರ ಗೆಳೆಯ, ಬಡ ರೈತರ ಜೊತೆ ಇದ್ದ ಫಾದರ್ ರುಟಿಲಿಯೊ ಗ್ರಾಂಡೆಯವರನ್ನು ದಾರಿಯಲ್ಲೇ ಗುಂಡಿಟ್ಟು ಕೊಂದರು. ಜೊತೆಗಿದ್ದ ಒಬ್ಬ ಮುದುಕ ಮತ್ತು ಒಬ್ಬ ಹುಡುಗನನ್ನೂ ಬಿಡಲಿಲ್ಲ. ಮುಂದಿನ ಭಾನುವಾರ, ಮಾರ್ಚ್ 20ರಂದು, ರೊಮೆರೊ ತಮ್ಮ ಧರ್ಮಕ್ಷೇತ್ರದ ಎಲ್ಲ ಚರ್ಚುಗಳ ಪೂಜೆ ನಿಲ್ಲಿಸಿ ಪ್ರಧಾನ ದೇವಾಲಯದಲ್ಲಿ ಒಂದೇ ಪೂಜೆ ಇಟ್ಟರು. ಸ್ವಲ್ಪ ಯೋಚಿಸಿ. ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ, ಎಲ್ಲ ಕಡೆ ಬಾಗಿಲು ಹಾಕಿ ಒಂದೇ ಕಡೆ ಪೂಜೆ ಅಂದರೆ ನಮ್ಮಲ್ಲಿ ಎಷ್ಟು ಗಲಾಟೆ ಆಗಬಹುದು.

ಆಮೇಲೆ ಮೂರು ವರ್ಷ ಅವರ ಪ್ರಬೋಧನೆ ಚರ್ಚಿನ ರೇಡಿಯೋದಲ್ಲಿ ಬರುತ್ತಿತ್ತು. ಹಳ್ಳಿಗಳಲ್ಲಿ ಜನ ಟ್ರಾನ್ಸಿಸ್ಟರ್ ಸುತ್ತ ಕೂತು ಕೇಳುತ್ತಿದ್ದರು. ಮೊದಲು ಆ ದಿನದ ಶುಭಸಂದೇಶದ ವಿವರಣೆ. ನಂತರ ಆ ವಾರದ ವರದಿ. ಯಾವ ಊರಿನಲ್ಲಿ ಯಾರನ್ನು ಕೊಂದರು, ಯಾರ ಮಗನನ್ನು ಹಿಡಿದುಕೊಂಡು ಹೋದರು, ಎಲ್ಲವನ್ನೂ ಹೆಸರು ಸಮೇತ ಓದುತ್ತಿದ್ದರು. ಪತ್ರಿಕೆಗಳು ಬರೆಯದ ಹೆಸರುಗಳು ಅವು. ಸುಮ್ನೆ ಯಾರೋ ಹೇಳಿದ್ದನ್ನು ಓದುತ್ತಿರಲಿಲ್ಲ. ಚರ್ಚಿನ ಕಾನೂನು ನೆರವಿನ ಕಚೇರಿಯಲ್ಲಿ ಯುವ ವಕೀಲರಿದ್ದರು. ಬಂದ ತಾಯಂದಿರ ಮಾತು ಬರೆದುಕೊಂಡು, ವಿಚಾರಿಸಿ, ಖಚಿತವಾದದ್ದನ್ನು ಕೊಡುತ್ತಿದ್ದರು. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳಿಸುವ ಈ ಕಾಲದಲ್ಲಿ ನಾವು ಕಲಿಯಬೇಕಾದ ಕೆಲಸ ಇದು.

ರೇಡಿಯೋ ಕೇಂದ್ರಕ್ಕೆ ಬಾಂಬ್ ಹಾಕಿದರು. ಅವರನ್ನು ಕಮ್ಯುನಿಸ್ಟ್ ಅಂದರು. 1980ರ ಮಾರ್ಚ್ 23ರಂದು ರೊಮೆರೊ ನೇರವಾಗಿ ಸೈನಿಕರಿಗೆ ಹೇಳಿದರು: ನೀವು ಕೊಲ್ಲುತ್ತಿರುವುದು ನಿಮ್ಮದೇ ರೈತ ಅಣ್ಣತಮ್ಮಂದಿರನ್ನು, ದೇವರ ಆಜ್ಞೆಗೆ ವಿರುದ್ಧವಾದ ಅಪ್ಪಣೆಯನ್ನು ಯಾರೂ ಪಾಲಿಸಬೇಕಿಲ್ಲ, ಈ ದಮನ ನಿಲ್ಲಿಸಿ. ಮರುದಿನ ಸಂಜೆ ಒಂದು ಕ್ಯಾನ್ಸರ್ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಪೂಜೆ ಅರ್ಪಿಸುತ್ತಿರುವಾಗ ಅವರಿಗೆ ಗುಂಡು ಹೊಡೆದರು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ಅವರ ಸಾವಿನ ಬಗ್ಗೆ ಮಾತಾಡುವುದು ಸುಲಭ. ನಾನು ಹಿಡಿದುಕೊಂಡಿರುವುದು ಆ ಕೂಲಿಯವರು ಮಲಗಿದ ಕಟ್ಟಡವನ್ನು. ಮೊದಲು ಜಾಗ ಕೊಟ್ಟರು, ಮುಖ ನೋಡಿದರು. ಹಾಗಾಗಿ ಮುಂದೆ ದೇಶಕ್ಕೆ ಮಾತಾಡಿದಾಗ ಜನ ನಂಬಿದರು.

ಪೋಪ್ ಫ್ರಾನ್ಸಿಸ್ ಅವರದೂ ಅದೇ ರೀತಿ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ಗಾಜಾದ ಪವಿತ್ರ ಕುಟುಂಬದ ಚರ್ಚಿಗೆ ಅವರು ಹೆಚ್ಚುಕಡಿಮೆ ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಇವತ್ತು ಏನು ಊಟ ಮಾಡಿದಿರಿ ಅಂತ ಕೇಳುತ್ತಿದ್ದರು. 2025ರ ಏಪ್ರಿಲ್ 21ಕ್ಕೆ ತೀರಿಕೊಂಡರಲ್ಲ, ಅದಕ್ಕೆ ಎರಡು ದಿನ ಮುಂಚೆಯೂ ಫೋನ್ ಹೋಗಿತ್ತು. ಅವರ ಕದನವಿರಾಮದ ಕರೆಯನ್ನು ಒಪ್ಪದವರು ಇದ್ದರು. ಆದರೆ ದೂರ ಕೂತು ಮಾತಾಡುತ್ತಾರೆ ಅಂತ ಹೇಳಲು ಆಗುತ್ತಿರಲಿಲ್ಲ.

ಇನ್ನು ಬಿಷಪ್ ಡೆಸ್ಮಂಡ್ ಟುಟು. ದಕ್ಷಿಣ ಆಫ್ರಿಕಾದ ಬಿಳಿಯರ ಸರಕಾರವನ್ನು ಎದುರು ಹಾಕಿಕೊಂಡವರು ಅಂತ ಎಲ್ಲರಿಗೂ ಗೊತ್ತು. 1985ರಲ್ಲಿ ಡುಡುಜಾ ಎಂಬ ಊರಿನಲ್ಲಿ ಪೊಲೀಸರ ಮಾಹಿತಿದಾರ ಅಂತ ಅನುಮಾನಿಸಿ ಒಬ್ಬನನ್ನು ಸುಡಲು ಹೊರಟ ತಮ್ಮದೇ ಜನರ ನಡುವೆ ನುಗ್ಗಿ ಅವನನ್ನು ಉಳಿಸಿದರು. ಎದುರಾಳಿಗೆ ಬೈಯುವುದಕ್ಕಿಂತ ನಮ್ಮವರನ್ನು ತಡೆಯುವುದು ಕಷ್ಟ.

ನಮ್ಮ ದೇಶಕ್ಕೆ ಬರೋಣ. 2023ರ ಮೇ 3ರಂದು ಮಣಿಪುರ ಹೊತ್ತಿಕೊಂಡಿತು. ಇಂಫಾಲದ ಆರ್ಚ್‌ಬಿಷಪ್ ಡೊಮಿನಿಕ್ ಲುಮೊನ್ 36 ಗಂಟೆಯೊಳಗೆ ಅಲ್ಲಿನ ಮೈತೇಯಿ ಸಮುದಾಯದ ಕ್ರೈಸ್ತರ 249 ಚರ್ಚುಗಳು ನಾಶವಾದವು ಎಂದು ಬರೆದರು. ಮೈತೇಯಿಗಳಲ್ಲಿ ಕ್ರೈಸ್ತರಿದ್ದಾರೆ ಅಂತಲೇ ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಲೆಕ್ಕ ಹಾಕಿ, ಯಾರದು ಅಂತ ಹೇಳಿದ್ದರಿಂದ ಗೊತ್ತಾಯಿತು.

ಅಂಥ ಮಾತು ಬೇಕು. ಆದರೆ ನಮ್ಮ ಚರ್ಚಿಗೆ ಕಲ್ಲು ಬಿದ್ದಾಗ ಮಾತ್ರ ನಮ್ಮ ದನಿ ಏಳುವುದಾದರೆ, ಅದನ್ನು ಊರಿನವರು ಯಾಕೆ ಕೇಳಬೇಕು? ವಿರಾಜಪೇಟೆಯಲ್ಲಿ ಈ ಪ್ರಶ್ನೆಗೆ ತೂಕ ಜಾಸ್ತಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ನಮ್ಮ ಹಿರಿಯರಿಗೆ ನೆಲೆ ಕೊಟ್ಟವರು ಕೊಡಗಿನ ರಾಜ ದೊಡ್ಡವೀರರಾಜೇಂದ್ರ. 1792ರಲ್ಲಿ ಇಲ್ಲಿ ಸಂತ ಅನ್ನಮ್ಮನವರ ಚರ್ಚು ಶುರುವಾಗಿದ್ದು ಆ ಹಿಂದೂ ರಾಜನ ಆಶ್ರಯದಲ್ಲಿ. ನಾವು ಅವರ ಧರ್ಮದವರಾಗಿರಲಿಲ್ಲ, ಅವರ ಭಾಷೆಯವರಾಗಿರಲಿಲ್ಲ.

ಇವತ್ತು ನಮ್ಮ ತೋಟಗಳಿಗೆ ಅಸ್ಸಾಂನಿಂದ, ಜಾರ್ಖಂಡ್‌ನಿಂದ ಜನ ಬರುತ್ತಿದ್ದಾರೆ. ನಮ್ಮ ಕಾಫಿ ಕೊಯ್ಯುವವರು ಅವರೇ. ಸಂತೆಯಲ್ಲಿ ಅವರನ್ನು ಬಾಂಗ್ಲಾದವರು ಅಂತ ಅನುಮಾನದಿಂದ ನೋಡುವ ಕಣ್ಣುಗಳನ್ನು ನಾನು ನೋಡಿದ್ದೇನೆ. ಪೌರತ್ವ, ವಲಸೆ, ಕೂಲಿ ಎಂದು ದೆಹಲಿಯಲ್ಲಿ ನಡೆಯುವ ಚರ್ಚೆಯೆಲ್ಲ ಇಲ್ಲಿ ತೋಟದ ಕೂಲಿಯವರ ಲೈನ್ ಮನೆಯ ಬಾಗಿಲಿಗೆ ಬಂದು ನಿಂತಿದೆ. ಬಿಷಪ್ಪರು ಈ ಬಗ್ಗೆ ಮಾತಾಡಿದರೆ ಅದು ನಮ್ಮಲ್ಲಿ ತೋಟ ಇರುವವರಿಗೂ ತಾಗುತ್ತದೆ. ತಾಗಲಿ.

ಬಿಷಪ್ಪರು ಎಲ್ಲವನ್ನೂ ತಾವೇ ತಿಳಿದುಕೊಳ್ಳಲು ಆಗುವುದಿಲ್ಲ. ತಿಳಿಸಬೇಕಾದವರು ನಾವು. ಅರೇಬಿಕಾ ಕೊಯ್ಲು ಶುರುವಾಗುವ ಹೊತ್ತಿಗೆ ಒಂದಿಷ್ಟು ಜನ ಲೈನ್ ಮನೆಗಳಿಗೆ ಹೋಗೋಣ. ಹಿಂದಿ ಬರುವ ಒಬ್ಬರು ಜೊತೆಗಿರಲಿ. ಕೂಲಿ ಸರಿಯಾಗಿ ಸಿಗುತ್ತಿದೆಯಾ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ, ಕಾಗದಪತ್ರಕ್ಕೆ ಯಾರಾದರೂ ಕಾಟ ಕೊಡುತ್ತಿದ್ದಾರಾ ಅಂತ ಕೇಳಿ ಬರೆದುಕೊಳ್ಳೋಣ. ಅವರು ಯಾವ ಧರ್ಮದವರು ಅಂತ ಕೇಳುವುದು ಬೇಡ. ವಿಚಾರಿಸಿ ಖಚಿತ ಮಾಡಿಕೊಂಡದ್ದನ್ನು ಮಾತ್ರ, ಅವರ ಒಪ್ಪಿಗೆ ಪಡೆದು, ಕ್ರಿಸ್ಮಸ್‌ಗೆ ಮುಂಚೆ ಮೈಸೂರಿಗೆ ಬಿಷಪ್ಪರಿಗೆ ಕಳಿಸೋಣ. ಅವರ ಕ್ರಿಸ್ಮಸ್ ಸಂದೇಶದಲ್ಲಿ ಈ ಜನರ ಬಗ್ಗೆ ಎರಡು ಮಾತು ಬರಲಿ ಅಂತ ಕೇಳೋಣ. ಬರುವವರು ಸಭೆ ಮುಗಿದ ಮೇಲೆ ನನ್ನ ಹತ್ತಿರ ಹೆಸರು ಕೊಡಿ. ವಕೀಲರು, ಟೀಚರುಗಳು ಇದ್ದರೆ ಇನ್ನೂ ಒಳ್ಳೆಯದು.