ಚಿಲಕ ಬೀಳ್ತಿಲ್ಲ ಅಂದ್ರೆ ಮೊದಲು ಕಬ್ಜಾ ನೋಡಿ

ನಮಸ್ಕಾರ್ರೀ. ಈಗ ಢಬ್ ಢಬ್ ಅಂತ ಕೇಳಿಸ್ತಾ ಇದೆಯಲ್ಲ, ಇದು ನಮ್ಮ ಮುಂದಿನ ಕೋಣೆಯ ಕಿಟಕಿ. ರಾತ್ರಿ ಎರಡೂವರೆಗೆ ಮೊಬೈಲ್‌ನಲ್ಲಿ ತೆಗೆದ ವಿಡಿಯೋ, ಅದಕ್ಕೇ ಏನೂ ಕಾಣಲ್ಲ. ಕಲಬುರಗಿಯ ಮೇ ತಿಂಗಳು ಗೊತ್ತಲ್ವಾ. ಹಗಲೆಲ್ಲ 42, 43 ಡಿಗ್ರಿ ಸುಟ್ಟು, ಸಂಜೆಯಾದರೆ ಒಮ್ಮೆಲೇ ಗಾಳಿ ಎದ್ದು, ಮನೆ ತುಂಬ ಧೂಳು ಬಂದು, ಕರೆಂಟ್ ಹೋಗಿ, ಕೊನೆಗೆ ಮಳೆ ಮಾತ್ರ ನಾಲ್ಕು ಹನಿ. ಆ ಗಾಳಿಗೆ ಎಡಗಡೆ ಕದ ಬೆಳಗಿನ ತನಕ ಬಡಿದುಕೊಳ್ಳುತ್ತಿತ್ತು. ಚಿಲಕ ಇದೆ, ಹಾಕಿದರೆ ಬೀಳಲ್ಲ. ಹ್ಯಾಂಡಲ್ ಇದೆ, ಜಗ್ಗಿದರೆ ಕೈಗೇ ಬರುತ್ತದೆ.

ಅವ್ವನ ಉಪಾಯ ಲಂಗದ ಲಾಡಿ. ಹ್ಯಾಂಡಲ್‌ಗೆ ಒಂದು ಗಂಟು, ಒಳಗಿನ ಸರಳಿಗೆ ಇನ್ನೊಂದು. ಎರಡು ವರ್ಷ ಅದರಲ್ಲೇ ನಡೆಯಿತು. ಆ ರಾತ್ರಿ ಮಾತ್ರ ಹ್ಯಾಂಡಲ್ಲೇ ಒಂದು ಕಡೆ ಕಿತ್ತು ಲಾಡಿಯ ಜೊತೆ ಜೋತಾಡುತ್ತಿತ್ತು. ಬೆಳಗ್ಗೆ ಚಹಾ ಕುಡಿಯುತ್ತ ನಾನೇ ಘೋಷಣೆ ಮಾಡಿದೆ: ಇವತ್ತು ಹ್ಯಾಂಡಲ್ ಮತ್ತು ಚಿಲಕ ಬದಲು ಮಾಡ್ತೀನಿ, ಒಂದು ತಾಸಿನ ಕೆಲಸ. ಅವ್ವ ಏನೂ ಅನ್ನಲಿಲ್ಲ. ಸುಮ್ನೆ ಲಾಡಿ ಬಿಚ್ಚಿ ಮಡಚಿ ಇಟ್ಟುಕೊಂಡಳು. ಎಸೆಯಲಿಲ್ಲ, ಇಟ್ಟುಕೊಂಡಳು.

ಇದು ಸೂಪರ್ ಮಾರ್ಕೆಟ್ ಕಡೆಯ ಹಾರ್ಡ್‌ವೇರ್ ಅಂಗಡಿ. ಕ್ಯಾಮೆರಾ ಅಲುಗಾಡುತ್ತಿರುವುದು ನನ್ನ ತಮ್ಮ ನಗುತ್ತಿರುವುದಕ್ಕೆ. ಅಂಗಡಿಯವರು ಎಲ್ಲ ತೆಗೆದು ಮುಂದಿಟ್ಟು, "ಕುಂಡಿ ಭೀ ಬೇಕೇನ್ರಿ ಅಕ್ಕಾ?" ಅಂದರು. ಉರ್ದುವಿನಲ್ಲಿ ಕುಂಡಿ ಅಂದರೆ ಚಿಲಕ, ಕೊಂಡಿ. ಕನ್ನಡದಲ್ಲಿ ಏನು ಅಂತ ನಾನು ಹೇಳಬೇಕಿಲ್ಲ. ನಮ್ಮ ಊರಲ್ಲಿ ಹುಟ್ಟಿ ಬೆಳೆದವರು ಇದಕ್ಕೆ ನಗಬಾರದು, ಆದರೂ ಪ್ರತಿ ಸಲ ನಗು ಬರುತ್ತದೆ. ಕದವನ್ನು ಚೌಕಟ್ಟಿಗೆ ಹಿಡಿದು ತಿರುಗಿಸುವ ತಿರುಗಣಿಯನ್ನು ಹಿಂಜ್ ಅಂತ ಕೇಳಿದರೂ ಕೊಡುತ್ತಾರೆ, ಕಬ್ಜಾ ಅಂದರೆ ಬೇಗ ಕೊಡುತ್ತಾರೆ.

ಇಲ್ಲಿ ನನ್ನ ಮೊದಲ ತಪ್ಪು. ಹಳೆಯ ಹ್ಯಾಂಡಲ್‌ನ ಈ ತುದಿಯಿಂದ ಆ ತುದಿಗೆ ಟೇಪ್ ಹಿಡಿದು, ಹನ್ನೆರಡೂವರೆ ಸೆಂಟಿಮೀಟರ್ ಮೇಲೆ ಚೂರು ಬಂತು ಅಂತ 128 ಎಂಎಂದು ಕೊಡಿ ಅಂದೆ. ಕೊಟ್ಟರು. ಅವರದೇನೂ ತಪ್ಪಿಲ್ಲ. ಆದರೆ ಪ್ಯಾಕೆಟ್ ಮೇಲೆ 96, 128 ಅಂತ ಬರೆದಿರುವುದು ಹ್ಯಾಂಡಲ್‌ನ ಉದ್ದ ಅಲ್ಲ, ಎರಡು ತೂತುಗಳ ನಡುವಿನ ದೂರ. ಒಂದು ತೂತಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ ಅಳೆಯಬೇಕು. ನಮ್ಮದು 96. ಮನೆಗೆ ಬಂದು ಪ್ಯಾಕೆಟ್ ಹರಿದು, ಕದಕ್ಕೆ ಹಿಡಿದು ನೋಡಿದ ಮೇಲೆ ಗೊತ್ತಾಯಿತು. ಅಳತೆಯೇ ಬೇಡ, ಹಳೆಯದನ್ನೇ ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಹೋಗಿ.

ಎರಡನೇ ತಪ್ಪು ದೊಡ್ಡದು. ಹೊಸ ಚಿಲಕ ಹಾಕಿದೆ, ಎಷ್ಟು ಹೊಳೆಯುತ್ತಿದೆ ನೋಡಿ. ಅದೂ ಬೀಳಲಿಲ್ಲ! ಕಂಬಿಯ ತುದಿ ತೂತಿನ ಪಕ್ಕ ಹೋಗಿ ಕುಟ್ಟುತ್ತದೆ, ಅರ್ಧ ಬೆರಳಿನಷ್ಟು ದೂರ. ಆಗ ಮೇಲಿನ ಚೌಕಟ್ಟನ್ನು ಸರಿಯಾಗಿ ನೋಡಿದೆ. ಇಲ್ಲಿ ಹತ್ತಿರ ತೋರಿಸ್ತೀನಿ. ಈ ತೂತು ದುಂಡಗಿಲ್ಲ. ಯಾರೋ ಹಿಂದೆ ಉಳಿ ಹಾಕಿ ಒಂದು ಸಲ ಅಗಲ ಮಾಡಿದ್ದಾರೆ, ಆಮೇಲೆ ಇನ್ನೊಂದು ಸಲ, ಅಂಚಿನಲ್ಲಿ ಎರಡು ಬಣ್ಣದ ಪೇಂಟ್ ಕಾಣುತ್ತದೆ. ಕೆಳಗೆ ಬನ್ನಿ. ಕೆಳಗಿನ ಚೌಕಟ್ಟಿನ ಮೇಲೆ ಅರ್ಧ ಚಂದ್ರದ ಹಾಗೆ ಗೀರು ಬಿದ್ದಿದೆ, ಪೇಂಟ್ ಹೋಗಿ ಹಸಿ ಕಟ್ಟಿಗೆ ಕಾಣುವಷ್ಟು. ಕದ ತೆಗೆದು ಹಾಕಿದಾಗಲೆಲ್ಲ ಅದರ ಮೂಲೆ ಅಲ್ಲಿ ಉಜ್ಜಿದೆ. ಅಂದರೆ ಕದವೇ ಜೋತುಬಿದ್ದಿದೆ. ವರ್ಷಗಟ್ಟಲೆ ಎಲ್ಲರೂ ಚಿಲಕವನ್ನು ಬೈದು ತೂತು ದೊಡ್ಡದು ಮಾಡಿದ್ದಾರೆ, ನಾನೂ ಅವರ ಸಾಲಿನಲ್ಲೇ ನಿಂತಿದ್ದೆ.

ಪರೀಕ್ಷೆ ಸುಲಭ. ಕದ ಅರ್ಧ ತೆಗೆದು, ಹ್ಯಾಂಡಲ್ ಕಡೆಯ ಕೆಳಮೂಲೆ ಹಿಡಿದು ಮೆಲ್ಲಗೆ ಮೇಲೆತ್ತಿ. ಕಣ್ಣು ಮಾತ್ರ ಮೇಲಿನ ಕಬ್ಜಾದ ಮೇಲೆ ಇರಲಿ. ನಮ್ಮದು ನೋಡಿ, ಎತ್ತಿದರೆ ಕಬ್ಜಾದ ಪಟ್ಟಿ ಚೌಕಟ್ಟಿಗೆ ಅಂಟುತ್ತದೆ, ಬಿಟ್ಟರೆ ಸ್ಕ್ರೂ ಸಮೇತ ಹೊರಗೆ ಬರುತ್ತದೆ, ಅಲ್ಲಾಡುವ ಹಲ್ಲಿನ ಹಾಗೆ. ಕದದ ಭಾರ ಕೆಳಗಿನ ಕಬ್ಜಾವನ್ನು ಒಳಗೆ ಒತ್ತುತ್ತದೆ, ಮೇಲಿನದನ್ನು ಹೊರಗೆ ಎಳೆಯುತ್ತದೆ. ಅದಕ್ಕೇ ಯಾವಾಗಲೂ ಮೊದಲು ಕಿತ್ತು ಬರುವುದು ಮೇಲಿನದು. ಸ್ಕ್ರೂ ಬಿಗಿ ಇದ್ದೂ ಕದ ಅಲ್ಲಾಡಿದರೆ ನಡುವಿನ ಪಿನ್ ಸವೆದಿದೆ ಅಂತ, ಆಗ ಕಬ್ಜಾನೇ ಬದಲಿಸಬೇಕು. ನಮ್ಮದರಲ್ಲಿ ಎರಡೂ ಇತ್ತು.

ಹಾಗಾಗಿ ಅದೇ ಅಂಗಡಿಗೆ ಮತ್ತೆ ಸವಾರಿ. ಅಂಗಡಿಯವರು ಮ್ಯಾಗ್ನೆಟ್ ಹಿಡಿದು, ಅಂಟಲ್ಲ ನೋಡ್ರಿ, ಅಸಲಿ 304 ಸ್ಟೀಲು ಅಂದರು. 304 ಅಂದರೆ ಸುಲಭಕ್ಕೆ ತುಕ್ಕು ಹಿಡಿಯದ ಸ್ಟೀಲ್. ಅಂಟದಿದ್ದರೆ ಸಾದಾ ಕಬ್ಬಿಣ ಅಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ. ಕಡಿಮೆ ದರದ 202 ಸ್ಟೀಲ್‌ಗೂ ಮ್ಯಾಗ್ನೆಟ್ ಅಷ್ಟಾಗಿ ಅಂಟುವುದಿಲ್ಲ. ಹಿತ್ತಾಳೆಯದು ಚೆಂದ, ಆದರೆ ಸ್ಕ್ರೂ ಮೆತ್ತಗೆ, ತಲೆ ಬೇಗ ಕೆಡುತ್ತದೆ. ಅದನ್ನೇ ಹಾಕುವವರು ಮೊದಲು ಅದೇ ಅಳತೆಯ ಸ್ಟೀಲ್ ಸ್ಕ್ರೂ ತಿರುಗಿಸಿ ದಾರಿ ಮಾಡಿಕೊಂಡು ಆಮೇಲೆ ಹಿತ್ತಾಳೆಯದು ಹಾಕಿ. ನಾನು 3 ಇಂಚಿನ ಸ್ಟೀಲ್ ಕಬ್ಜಾ ಮೂರು, ಒಂದೂವರೆ ಇಂಚಿನ ಸ್ಕ್ರೂ, ತೆಗೆದ ಕದ ಬಡಿಯದ ಹಾಗೆ ಹಿಡಿಯುವ ಒಂದು ಗಾಳಿ ಕೊಕ್ಕೆ, ಮತ್ತೆ ಸರಿಯಾದ ಹ್ಯಾಂಡಲ್ ತಂದೆ. ಸ್ಕ್ರೂ ತಲೆ ಕಬ್ಜಾದ ತೂತಿನಲ್ಲಿ ಪೂರ್ತಿ ಮುಳುಗುತ್ತದಾ ಅಂತ ಅಂಗಡಿಯಲ್ಲೇ ಹಾಕಿ ನೋಡಿ. ತಲೆ ಉಬ್ಬಿದರೆ ಎರಡು ಪಟ್ಟಿ ಕೂಡಲ್ಲ, ಕದ ಮುಚ್ಚಲ್ಲ.

ನಮ್ಮ ಕದ ಹೊರಗೆ ತೆಗೆಯುತ್ತದೆ, ಸರಳು ಒಳಗೆ. ಅಂದರೆ ಕೆಲಸ ಮಾಡಬೇಕಾದದ್ದು ಓಣಿಯಲ್ಲಿ ಸ್ಟೂಲ್ ಹಾಕಿಕೊಂಡು. ಮಹಡಿಯ ಮೇಲಿನ ಕಿಟಕಿಯಾದರೆ ಇದನ್ನು ನೋಡಿ ಏಣಿ ಹತ್ತಬೇಡಿ, ಬಡಿಗರನ್ನು ಕರೀರಿ. ಓಣಿಯಲ್ಲಿ ನಿಂತರೆ ಸಲಹೆಗಳಿಗೆ ಬರವಿಲ್ಲ. "ಏನ್ ನಡಸೀಯವ್ವಾ?" ಅಂತ ಶುರು ಮಾಡಿ, ಅಣ್ಣ ಇಲ್ಲೇನು, ಅಪ್ಪ ಇಲ್ಲೇನು ಅಂತ ಮುಗಿಸುತ್ತಾರೆ. ತಮ್ಮ ಇದ್ದಾನೆ, ಕ್ಯಾಮೆರಾ ಹಿಡಿದಿದ್ದಾನೆ.

ಕದದ ಕೆಳಗೆ ರಟ್ಟು ಮಡಚಿ ತುರುಕಿದ್ದೀನಿ, ಭಾರ ಅದರ ಮೇಲೆ ನಿಲ್ಲಲಿ ಅಂತ. ಮೂರೂ ಕಬ್ಜಾ ಒಟ್ಟಿಗೆ ಬಿಚ್ಚಬೇಡಿ, ಗಾಜಿನ ಕದ ಕಾಲ ಮೇಲೆ ಬೀಳುತ್ತದೆ. ಒಂದು ಬಿಚ್ಚಿ, ಹೊಸದು ಹಾಕಿ, ಆಮೇಲೆ ಇನ್ನೊಂದು. ಸ್ಕ್ರೂ ತಲೆಯ ಗೀರು ಪೇಂಟ್‌ನಲ್ಲಿ ಮುಚ್ಚಿಹೋಗಿದ್ದರೆ ಮುರಿದ ಹ್ಯಾಕ್ಸಾ ಬ್ಲೇಡ್‌ನಿಂದ ಕೆರೆದು ಸ್ವಚ್ಛ ಮಾಡಿ. ತುಕ್ಕು ಹಿಡಿದದ್ದಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಸ್ವಲ್ಪ ಕಾಯಿರಿ, ಮೊದಲು ಬಿಗಿ ಮಾಡುವ ಕಡೆಗೆ ಚೂರು ತಿರುಗಿಸಿ ಆಮೇಲೆ ಬಿಚ್ಚಿ. ಇಷ್ಟೆಲ್ಲ ಗೊತ್ತಿದ್ದೂ ಒಂದರ ತಲೆ ನಾನು ಮುರಿದೆ. ಈ ಟಕ್ ಅನ್ನುವ ಸದ್ದು ಅದೇ. ಒಳಗಿನ ತುಂಡು ತೆಗೆಯುವ ಗೋಜಿಗೆ ಹೋಗಲಿಲ್ಲ. ಕಬ್ಜಾವನ್ನೇ ಅರ್ಧ ಇಂಚು ಕೆಳಗೆ ಇಳಿಸಿ, ಉಳಿಯಿಂದ ಪಟ್ಟಿಯ ದಪ್ಪದಷ್ಟೇ ಕಚ್ಚು ಹೊಡೆದೆ.

ಉಳಿದ ಸ್ಕ್ರೂ ಹೇಗೆ ಬಂದವು ನೋಡಿ. ಬೆರಳಿನಿಂದ! ತೂತಿನೊಳಗೆ ಟಾರ್ಚ್ ಬಿಟ್ಟರೆ ಗೋಡೆ ನುಣ್ಣಗಿದೆ, ಸ್ಕ್ರೂ ತಿರುಗಿದ ಗುರುತೇ ಇಲ್ಲ. ಹಾಕಿದವರು ತಿರುಗಿಸಿಲ್ಲ, ಸುತ್ತಿಗೆಯಿಂದ ಮೊಳೆ ಹೊಡೆದ ಹಾಗೆ ಹೊಡೆದು, ಕೊನೆಗೆ ತೋರಿಕೆಗೆ ಎರಡು ಸುತ್ತು ತಿರುಗಿಸಿದ್ದಾರೆ. ಯಾರು ಅಂತ ಹೇಳಲ್ಲ, ನೀವು ಕೂಡ ನಿಮ್ಮ ಮನೆಯದು ಒಂದು ಬಿಚ್ಚಿ ನೋಡಿ.

ಈ ಸಡಿಲ ತೂತು ತುಂಬಲು ಏನಾದರೂ ಬೇಕು. ಬೆಂಕಿಕಡ್ಡಿಯ ಮದ್ದು ಕಿತ್ತು ಹಾಕುವವರು ಜಾಸ್ತಿ. ಎದುರು ಮನೆಯ ಅಜ್ಜ ತೊಗರಿ ಕಡ್ಡಿ ಹಾಕು ಅಂದರು. ಒಲೆಗೆ ಅದು ಸರಿ ಅಜ್ಜಾ, ಆದರೆ ಒಳಗೆ ಮೆತ್ತಗಿರುತ್ತದೆ, ಸ್ಕ್ರೂ ಹಿಡಿಯಲ್ಲ. ನನಗೆ ಹೊಳೆದದ್ದು ಊದುಬತ್ತಿ ಕಡ್ಡಿ. ಉರಿದ ಮೇಲೆ ಉಳಿಯುವ ತುಂಡು ಗಟ್ಟಿ ಬಿದಿರು, ಸಣ್ಣ, ನೇರ. ನಮ್ಮ ಮನೆಯಲ್ಲಿ ಶರಣಬಸವೇಶ್ವರರ ಫೋಟೋ ಮುಂದಿನ ಡಬ್ಬಿಯಲ್ಲಿ ಒಂದು ಹಿಡಿ ಇರುತ್ತದೆ. ಅವ್ವ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಕಾಲಾಗ ಬೀಳಬಾರದು ನೋಡು" ಅಂತ ಕೊಟ್ಟಳು. ಒಂದು ತೂತಿಗೆ ಮೂರು ತುಂಡು, ಫೆವಿಕಾಲ್‌ನಲ್ಲಿ ಅದ್ದಿ, ಮೆಲ್ಲಗೆ ಬಡಿದು, ಹೊರಗೆ ಉಳಿದದ್ದು ಬ್ಲೇಡ್‌ನಿಂದ ಕತ್ತರಿಸಿ. ಈ ಬಿಸಿಲಿಗೆ ಸಂಜೆಯೊಳಗೆ ಒಣಗಿತು. ಆಮೇಲೆ ಸಣ್ಣ ಡ್ರಿಲ್ ಬಿಟ್‌ನಲ್ಲಿ ದಾರಿ ಮಾಡಿ, ಸ್ಕ್ರೂಗೆ ಸಾಬೂನು ಹಚ್ಚಿ ತಿರುಗಿಸಿದರೆ, ಕೊನೆಯ ಎರಡು ಸುತ್ತಿನಲ್ಲಿ ಕಟ್ಟಿಗೆ ಕಿರ್ ಅನ್ನುತ್ತದೆ. ಆ ಸದ್ದು ಬಂದರೆ ಹಿಡಿದಿದೆ ಅಂತ.

ಸ್ಟೂಲ್ ಪಕ್ಕ ನಿಂತಿದ್ದ ಅವ್ವ ಆಗ ಹೇಳಿದಳು, ಆಳಂದ ಕಡೆ ಅವರ ತವರಿನ ಹಳೆಯ ಬಾಗಿಲಿಗೆ ಕಬ್ಜಾನೇ ಇರಲಿಲ್ಲ ಅಂತ. ಕದದ ಮೂಲೆಯಲ್ಲೇ ಕಟ್ಟಿಗೆಯ ಗೂಟ, ಅದು ಕಲ್ಲಿನ ಕುಣಿಯಲ್ಲಿ ಕೂತು ತಿರುಗುತ್ತಿತ್ತು, ಕಿರುಗುಟ್ಟಿದರೆ ಎಣ್ಣೆ ಬಿಡುತ್ತಿದ್ದರು. ಭಾರವೆಲ್ಲ ಕಲ್ಲಿನ ಮೇಲೆ. ಸ್ಕ್ರೂ ಕಿತ್ತು ಬರುವ ಮಾತೇ ಇಲ್ಲ, ಅಲ್ವಾ?

ಕದ ಎದ್ದು ನಿಂತಿತು. ಸುತ್ತಲೂ ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದಿ ಬಿಟ್ಟಿದ್ದೀನಿ. ಈಗ ಬಿಸಿಲಿಗೆ ಕಟ್ಟಿಗೆ ಒಣಗಿ ಸಣ್ಣಗಿದೆ, ಮಳೆಗಾಲಕ್ಕೆ ಉಬ್ಬುತ್ತದೆ. ಉಬ್ಬಿದಾಗ ಕೆತ್ತಿಸಿದರೆ ಬೇಸಿಗೆಗೆ ಮತ್ತೆ ದೊಡ್ಡ ಸಂದಿ. ಗಾಳಿ ಕೊಕ್ಕೆ ಹಾಕುವಾಗ ಕದ ಪೂರ್ತಿ ತೆಗೆದು, ಕೊಕ್ಕೆ ಬಿಗಿಯಾಗಿ ಎಳೆದ ಜಾಗಕ್ಕೇ ಗುರುತು ಮಾಡಿ, ಇಲ್ಲದಿದ್ದರೆ ಗಾಳಿಗೆ ಲಟಲಟ ಅನ್ನುತ್ತದೆ. ಹೊಸ ಚಿಲಕ ಒಂದೇ ಬೆರಳಿಗೆ ಇಳಿಯಿತು. ಹಳೆಯದೂ ಇಳಿಯುತ್ತಿತ್ತು ಅಂತ ಈಗ ಗೊತ್ತು. ಅದನ್ನು ಎಣ್ಣೆ ಹಾಕಿ ಬಲಗಡೆ ಕದಕ್ಕೆ ಇಟ್ಟಿದ್ದೀನಿ.

ಎಲ್ಲ ಸೇರಿ ಖರ್ಚು ಆದದ್ದು 430 ರೂಪಾಯಿ. ಒಂದು ತಾಸು ಅಂದದ್ದು ಎರಡು ದಿನ ಆಯಿತು. ಆ 128ರ ಹ್ಯಾಂಡಲ್ ಪ್ಯಾಕೆಟ್ ಹರಿದದ್ದಕ್ಕೆ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಹೊಸದು, ಸ್ಕ್ರೂ ಕೂಡ ಹಾಗೇ ಇವೆ. ಕಲಬುರಗಿಯಲ್ಲಿ ಯಾರ ಮನೆಯ ಕಿಟಕಿಗಾದರೂ ಆದರೆ ಬಂದು ಒಯ್ಯಿರಿ. ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆದುಕೊಂಡು ಬನ್ನಿ ಮತ್ತೆ.